ನಡೆದು ಮಾಡುವ ಟರ್ಕಿ ಬೇಟೆಗೆ ಎಂಥ ಡಿಕಾಯ್ ಹೊರಬೇಕು?

ಪ್ರಶ್ನೆ: ಸರ್, ನಾನು ಹಾಸನದ ಕಡೆಯವನು. ಈಗ ಪೆನ್ಸಿಲ್ವೇನಿಯಾದಲ್ಲಿ ಕೆಲಸ. ಹೋದ ವರ್ಷ ಹಂಟರ್ ಎಜುಕೇಶನ್ ಕೋರ್ಸ್ ಮುಗಿಸಿ ಲೈಸೆನ್ಸ್ ತಗೊಂಡೆ. ಆಫೀಸಿನ ಗೆಳೆಯನ ಜೊತೆ ಎರಡು ಸಲ ಟರ್ಕಿ ಎಂಬ ದೊಡ್ಡ ಹಕ್ಕಿಯ ಬೇಟೆಗೆ ಹೋಗಿದ್ದೆ. ಅವನು ಹೊಲದ ಅಂಚಿನಲ್ಲಿ ಮರೆಯಾಗಿ ಕೂರಲು ಟೆಂಟ್ ಥರದ ಬ್ಲೈಂಡ್ ಹಾಕಿ, ಮುಂದೆ ಗಟ್ಟಿ ಪ್ಲಾಸ್ಟಿಕ್ಕಿನ ಮೂರು ಡಿಕಾಯ್, ಅಂದರೆ ಹಕ್ಕಿಯನ್ನು ಸೆಳೆಯುವ ಟರ್ಕಿ ಗೊಂಬೆ, ನಿಲ್ಲಿಸಿ ಕೂರುತ್ತಾನೆ. ನನಗೆ ಹಾಗೆ ಒಂದೇ ಕಡೆ ಕೂರಲು ಆಗುವುದಿಲ್ಲ. ಸರ್ಕಾರಿ ಬೇಟೆ ಕಾಡಾದ ಸ್ಟೇಟ್ ಗೇಮ್ ಲ್ಯಾಂಡ್‌ನ ಗುಡ್ಡ ಹತ್ತಿಳಿದು, ಹುಂಜ ಕೂಗಿದ ಕಡೆ ಹೋಗಬೇಕು ಅನ್ನಿಸುತ್ತದೆ. ಎಂಥ ಡಿಕಾಯ್ ಕೊಳ್ಳಲಿ? ಎಷ್ಟು? ಹೇಗೆ ಹೊತ್ತುಕೊಂಡು ಹೋಗಲಿ?

ಉತ್ತರ: ಹೊರುವ ವಿಷಯ ಮೊದಲು ಹೇಳುತ್ತೇನೆ. ಅದು ಜೀವದ ಪ್ರಶ್ನೆ.

ವಸಂತದಲ್ಲಿ ಗಂಡು ಟರ್ಕಿಯ ತಲೆ ಕೆಂಪು, ಬಿಳಿ, ನೀಲಿ. ಕಾಡಿನಲ್ಲಿ ಕೂತಿರುವ ಪ್ರತಿಯೊಬ್ಬ ಬೇಟೆಗಾರನೂ ಆ ಮೂರು ಬಣ್ಣಕ್ಕೇ ಕಾಯುತ್ತಿರುತ್ತಾನೆ. ಅದಕ್ಕೇ ಆ ಬಣ್ಣದ ಬಟ್ಟೆ ಹಾಕಬೇಡಿ ಎಂದು ಕೋರ್ಸಿನಲ್ಲಿ ಕಲಿಸುತ್ತಾರೆ. ಕರವಸ್ತ್ರ, ಸಾಕ್ಸ್ ಕೂಡ ಬೇಡ. ಆದರೆ ಬೆನ್ನಿನ ಚೀಲದಿಂದ ಡಿಕಾಯ್‌ನ ತಲೆಯೋ ಬಾಲವೋ ಇಣುಕುತ್ತಿದ್ದರೆ? ನೀವು ಹೆಜ್ಜೆ ಹಾಕಿದಂತೆಲ್ಲ ಅದು ಪೊದೆಯ ಮೇಲೆ ನಡೆದಾಡುವ ಹಕ್ಕಿಯ ಹಾಗೇ ಕಾಣುತ್ತದೆ. ಹಕ್ಕಿಯನ್ನು ನಂಬಿಸಲು ಮಾಡಿದ ವಸ್ತು ಮನುಷ್ಯನನ್ನೂ ನಂಬಿಸುತ್ತದೆ.

ಇದು ನನಗೇ ಆಗಿದೆ. ಮಿಸೌರಿಯ ಒಜಾರ್ಕ್ ಗುಡ್ಡಗಳಲ್ಲಿ ನನ್ನ ಎರಡನೇ ಸೀಸನ್. ವೆಸ್ಟ್‌ನ ಹಿಂದಿನ ಚೀಲಕ್ಕೆ ಮಡಚುವ ಡಿಕಾಯ್ ತುರುಕಿಕೊಂಡಿದ್ದೆ, ಬಾಲ ಹೊರಗಿತ್ತು. ಡಾಗ್‌ವುಡ್ ಪೊದೆಗಳ ಮಧ್ಯೆ ಬಗ್ಗಿ ನುಸುಳುತ್ತಿದ್ದಾಗ ಎದುರಿನಿಂದ ಯಾರೋ ಜೋರಾಗಿ 'ಹೇ, ಇಲ್ಲಿ ಮನುಷ್ಯ ಇದ್ದೇನೆ' ಎಂದು ಕೂಗಿದರು. ಓಕ್ ಮರಕ್ಕೆ ಒರಗಿ ಕೂತಿದ್ದ ಹಿರಿಯರು. ಮೊದಲು ಕಂಡಿದ್ದು ನೀನಲ್ಲ, ಬಾಲ ಅಂದರು. ಅವರ ಬಂದೂಕು ತೊಡೆಯ ಮೇಲೇ ಇತ್ತು. ಅವರು ಇಡೀ ಹಕ್ಕಿ ಕಾಣುವವರೆಗೆ ಬಂದೂಕು ಎತ್ತದ ಮನುಷ್ಯ, ಹಾಗಾಗಿ ನಾನು ಇವತ್ತು ಇದನ್ನು ಬರೆಯುತ್ತಿದ್ದೇನೆ.

ಆದ್ದರಿಂದ ಡಿಕಾಯ್ ಪೂರ್ತಿ ಚೀಲದೊಳಗೆ ಹೋಗಲಿ, ಜಿಪ್ ಹಾಕಿ. ತಲೆ ಬಿಚ್ಚುವಂತಿದ್ದರೆ ಬಿಚ್ಚಿ ಒಳಗೆ ಹಾಕಿ. ಮನುಷ್ಯ ಎಂದು ದೂರದಿಂದಲೇ ಗೊತ್ತಾಗುವಂತೆ ಚೀಲದ ಮೇಲೆ ಅಗಲವಾದ ಕಿತ್ತಳೆ ಬಟ್ಟೆ ಕಟ್ಟಿ. ನಡೆಯುವಾಗ ಕಿತ್ತಳೆ ಟೋಪಿ ಇರಲಿ, ಕೂತ ಮೇಲೆ ತೆಗೆಯಿರಿ. ಟರ್ಕಿಗೆ ಕಣ್ಣು ಬಲು ಚುರುಕು, ಬಣ್ಣವೂ ಚೆನ್ನಾಗಿ ಕಾಣುತ್ತದೆ, ಟೋಪಿ ನೋಡಿ ಒಂದೆರಡು ಹಕ್ಕಿ ಓಡಬಹುದು. ಓಡಲಿ ಬಿಡಿ. ಹೊಡೆದ ಹಕ್ಕಿಯನ್ನು ಹೊತ್ತು ತರುವಾಗಲೂ ಇದೇ ನಿಯಮ, ಕಿತ್ತಳೆ ಬಟ್ಟೆಯಲ್ಲಿ ಸುತ್ತಿ ತನ್ನಿ.

ಈಗ ಕೊಳ್ಳುವ ಮಾತು. ನಿಮ್ಮ ಗೆಳೆಯನ ಗಟ್ಟಿ ಡಿಕಾಯ್‌ಗಳು ಹೊಲಕ್ಕೆ ಒಳ್ಳೆಯವೇ. ಡೇವ್ ಸ್ಮಿತ್ ಕಂಪನಿಯವನ್ನು ಹತ್ತಿರದಿಂದ ನೋಡಿ, ಗರಿ ಗರಿಯೂ ನಿಜದ ಹಾಗಿರುತ್ತದೆ. ಆದರೆ ಅವು ಮಡಚುವುದಿಲ್ಲ, ಬೆಲೆ ಜಾಸ್ತಿ, ಗುಡ್ಡ ಹತ್ತುವಾಗ ಕೊಂಬೆ ಕೊಂಬೆಗೂ ತಗಲುತ್ತವೆ. ನಿಮಗೆ ಬೇಕಿರುವುದು ಮಡಚುವಂಥದ್ದು. ಅದರಲ್ಲಿ ಎರಡು ಬಗೆ. ಒಂದು, ಫೋಮ್ ಅಥವಾ ಮೆದು ರಬ್ಬರಿನದು, ಸುತ್ತಿ ಚೀಲಕ್ಕೆ ಹಾಕಬಹುದು. ಇನ್ನೊಂದು, ಟರ್ಕಿಯ ಫೋಟೋ ಅಚ್ಚಾದ ಬಟ್ಟೆಗೆ ಸ್ಪ್ರಿಂಗ್ ತಂತಿಯ ಚೌಕಟ್ಟು. ಮೊಂಟಾನಾ ಡಿಕಾಯ್ ಎಂಬ ಕಂಪನಿಯವು ಹೀಗಿರುತ್ತವೆ. ತಿರುಚಿದರೆ ಊಟದ ತಟ್ಟೆಯಷ್ಟಾಗುತ್ತದೆ, ತೂಕ ಇದೆಯೋ ಇಲ್ಲವೋ ಅನ್ನುವ ಹಾಗೆ.

ದಿನಕ್ಕೆ ಐದಾರು ಮೈಲಿ ನಡೆಯುವವರಿಗೆ ನಾನು ಹೇಳುವುದು ಬಟ್ಟೆಯದು. ಅದಕ್ಕೂ ಕೊರತೆ ಇದೆ. ಚಪ್ಪಟೆ ಮಾದರಿಯಾದರೆ ಹಕ್ಕಿ ಪಕ್ಕಕ್ಕೆ ಸರಿದ ಕೂಡಲೇ ಬರೀ ಗೆರೆಯಾಗಿ ಕಾಣುತ್ತದೆ. ಹಕ್ಕಿ ಬರುವ ದಿಕ್ಕಿಗೆ ಸ್ವಲ್ಪ ಓರೆಯಾಗಿ ನಿಲ್ಲಿಸಿ. ಗಾಳಿಗೆ ಗಿರಗಿರ ತಿರುಗದ ಹಾಗೆ ಬಾಲದ ಎರಡೂ ಬದಿಗೆ ಒಂದೊಂದು ಕಡ್ಡಿ ಚುಚ್ಚಿ. ಅಲ್ಪಸ್ವಲ್ಪ ಅಲುಗಿದರೆ ಒಳ್ಳೆಯದೇ, ಜೀವ ಇದ್ದ ಹಾಗೆ ಕಾಣುತ್ತದೆ. ಫೋಮಿನದು ಕೊಂಡರೆ ಮಡಿಕೆ ಬೀಳುತ್ತದೆ. ಬೇಟೆಯ ಹಿಂದಿನ ದಿನ ಬಿಸಿಲಿಗಿಡಿ, ಸರಿಹೋಗುತ್ತದೆ. ಯಾವುದೇ ಆಗಲಿ, ಮಿರುಗಬಾರದು. ಇಬ್ಬನಿ ಬಿದ್ದು ಹೊಳೆಯುತ್ತಿದ್ದರೆ ಒರೆಸಿ. ಟರ್ಕಿಗೆ ನಮಗೆ ಕಾಣದ ನೇರಳಾತೀತ ಬೆಳಕೂ ಕಾಣುತ್ತದೆ, ಹಾಗಾಗಿ ಬಟ್ಟೆ ಹೊಳಪಿಸುವ ಡಿಟರ್ಜೆಂಟ್‌ನಲ್ಲಿ ಡಿಕಾಯನ್ನಾಗಲಿ ವೆಸ್ಟನ್ನಾಗಲಿ ಒಗೆಯಬೇಡಿ.

ಎಷ್ಟು? ಒಂದು ಹೇಂಟೆ ಸಾಕು. ಸೀಸನ್‌ನ ಮೊದಲ ದಿನಗಳಲ್ಲಿ, ಹುಂಜಗಳು ಇನ್ನೂ ಜಗಳದ ಹುಮ್ಮಸ್ಸಿನಲ್ಲಿದ್ದಾಗ, ಜೊತೆಗೆ ಒಂದು ಜೇಕ್ ಒಯ್ಯಬಹುದು. ಜೇಕ್ ಅಂದರೆ ಒಂದು ವರ್ಷದ ಎಳೆ ಹುಂಜ. ಹೇಂಟೆಯ ಪಕ್ಕ ಹುಡುಗ ನಿಂತಿದ್ದಾನೆ ಎಂದು ದೊಡ್ಡ ಹುಂಜಕ್ಕೆ ರೇಗುತ್ತದೆ, ಓಡಿಸಲು ಬರುತ್ತದೆ. ಮೇ ತಿಂಗಳು ಮುಂದುವರಿದಂತೆ ಒದೆ ತಿಂದ ಹುಂಜಗಳೇ ಜಾಸ್ತಿ, ಅವು ಇನ್ನೊಂದು ಗಂಡನ್ನು ಕಂಡರೆ ಸುಮ್ನೆ ಹಿಂದಿರುಗುತ್ತವೆ. ಆಗ ಜೇಕ್ ಮನೆಯಲ್ಲಿರಲಿ. ಬಾಲ ಬಿಚ್ಚಿ ಮೆರೆಯುವ ದೊಡ್ಡ ಹುಂಜದ ಡಿಕಾಯ್ ಸಾರ್ವಜನಿಕ ಕಾಡಿಗೆ ಬೇಡವೇ ಬೇಡ.

ಹೊತ್ತುಕೊಂಡು ಹೋದಿರಿ ಎಂದು ಪ್ರತಿ ಸಲ ಅದನ್ನು ನಿಲ್ಲಿಸಲೇಬೇಕು ಅಂತಿಲ್ಲ. ಹೊಸಬರು ಇಲ್ಲೇ ಎಡವುತ್ತಾರೆ. ಟರ್ಕಿಗಳ ಲೋಕದಲ್ಲಿ ಸಾಮಾನ್ಯವಾಗಿ ಹುಂಜ ಕೂಗಿ ಮೆರೆಯುತ್ತದೆ, ಹೇಂಟೆ ಅದರ ಬಳಿ ನಡೆದು ಹೋಗುತ್ತದೆ. ನಾವು ಕಾಲ್ (ಹೇಂಟೆಯ ದನಿ ಹೊರಡಿಸುವ ಸಾಧನ) ಬಳಸಿ ಹುಂಜವನ್ನೇ ನಮ್ಮ ಕಡೆಗೆ ಕರೆಯುತ್ತೇವೆ, ಅಂದರೆ ಪದ್ಧತಿಯನ್ನೇ ತಿರುಗಿಸುತ್ತೇವೆ. ಕಾಡಿನಲ್ಲಿ ಹೇಂಟೆಯ ದನಿ ಮಾತ್ರ ಕೇಳಿ ರೂಪ ಕಾಣದಿದ್ದರೆ ಹುಂಜ ಹುಡುಕಿಕೊಂಡು ಬರುತ್ತದೆ. 80 ಗಜ ದೂರದಿಂದಲೇ ಹೇಂಟೆ ಕಂಡುಬಿಟ್ಟರೆ? ಅದು ಅಲ್ಲೇ ನಿಂತು, ಬಾಲ ಬಿಚ್ಚಿ, 'ನಾನು ಕಂಡೆನಲ್ಲ, ಇನ್ನು ನೀನೇ ಬಾ' ಎಂಬಂತೆ ಕಾಯುತ್ತದೆ. ನಿಮ್ಮ ಡಿಕಾಯ್ ಕದಲುವುದಿಲ್ಲ. ಅರ್ಧ ಗಂಟೆಯ ಮೇಲೆ ಹುಂಜ ಹೊರಟುಹೋಗುತ್ತದೆ. ಶಾಟ್‌ಗನ್‌ಗೆ ನೀವು ಇಟ್ಟುಕೊಳ್ಳಬೇಕಾದ ಮಿತಿ 40 ಗಜ.

ಹಾಗಾಗಿ ದಟ್ಟ ಮರಗಳಿದ್ದು ನೆಲ ಏರಿಳಿತವಾಗಿದ್ದರೆ ಡಿಕಾಯ್ ಚೀಲದಲ್ಲೇ ಇರಲಿ. ದಿಣ್ಣೆಯ ಈಚೆಗೋ, ನಾಟಾ ಸಾಗಿಸುವ ಹಳೆ ದಾರಿಯ ತಿರುವಿನಲ್ಲೋ ಕೂತುಕೊಳ್ಳಿ. ನೀವು ಕೂತ ಜಾಗ ಹಕ್ಕಿಗೆ ಕಾಣಬೇಕಾದರೆ ಅದು 40 ಗಜದೊಳಗೆ ಬಂದಿರಬೇಕು. ಅಂಥ ಜಾಗ ಸಿಕ್ಕರೆ ಡಿಕಾಯ್‌ಗಿಂತ ಅದೇ ಮೇಲು. ಮೇವಿನ ಬಯಲು, ಕಡಿದ ಕಾಡು, ಕರೆಂಟ್ ಲೈನ್ ಕೆಳಗಿನ ತೆರವು, ಇಂಥಲ್ಲಿ ಮಾತ್ರ ಹೊರಗೆ ತೆಗೆಯಿರಿ. ಬಯಲಿನಲ್ಲಿ ದನಿ ಬಂದ ಕಡೆ ಏನೂ ಕಾಣದಿದ್ದರೆ ಹುಂಜಕ್ಕೆ ಅನುಮಾನ.

ನಿಲ್ಲಿಸುವಾಗ ನಿಮ್ಮಿಂದ 15ರಿಂದ 20 ಗಜ ಸಾಕು. ಬಲಗೈಯವರಾದರೆ ನಿಮ್ಮ ಎಡಕ್ಕೆ ಸ್ವಲ್ಪ ಸರಿಸಿ, ಬಂದೂಕು ತಿರುಗಿಸಲು ಆ ಕಡೆಯೇ ಸಲೀಸು. ಜೇಕ್‌ನ ಮುಖ ನಿಮ್ಮ ಕಡೆಗಿರಲಿ, ಜಗಳಕ್ಕೆ ಬರುವ ಹುಂಜ ಸಾಮಾನ್ಯವಾಗಿ ಅದರ ಮುಖದೆದುರಿಗೇ ಬರುತ್ತದೆ. ಭುಜಕ್ಕಿಂತ ಅಗಲವಾದ ಮರಕ್ಕೆ ಬೆನ್ನು ಕೊಟ್ಟು ಕೂರಿ. ಆಮೇಲೆ ಒಂದು ನಿಮಿಷ ಯೋಚಿಸಿ: ಈ ಡಿಕಾಯ್‌ಗೆ ಯಾರಾದರೂ ಆಚೆಯಿಂದ ಗುಂಡು ಹಾರಿಸಿದರೆ ಅದು ಎಲ್ಲಿಗೆ ಬರುತ್ತದೆ? ನಿಮ್ಮ ಕಡೆಗೆ ಬರುವುದಾದರೆ ಜಾಗ ಬದಲಿಸಿ. ಯಾರಾದರೂ ಹತ್ತಿರ ಬರುತ್ತಿದ್ದರೆ ಕೈ ಬೀಸಬೇಡಿ, ಕಾಲ್ ಊದಬೇಡಿ. ಕದಲದೆ, ಮನುಷ್ಯ ದನಿಯಲ್ಲಿ ಜೋರಾಗಿ ಕೂಗಿ.

ಡಿಕಾಯ್ ನಿಲ್ಲಿಸುವ ಗೂಟಗಳಿಗೆ ಬಟ್ಟೆಯ ಟೇಪ್ ಸುತ್ತಿ, ನಡೆಯುವಾಗ ಕಣಕಣ ಅನ್ನಬಾರದು. ತೆಗೆದು ನಿಲ್ಲಿಸುವ ಕೆಲಸವನ್ನು ಮನೆಯ ಹಿತ್ತಲಲ್ಲಿ ಕತ್ತಲಲ್ಲೇ ಅಭ್ಯಾಸ ಮಾಡಿ.

ನಿಮ್ಮಲ್ಲಿ ಮೊದಲ ಎರಡು ವಾರ ಬೇಟೆ ಮಧ್ಯಾಹ್ನ 12ಕ್ಕೆ ಮುಗಿಯುತ್ತದೆ, ಎದೆಯಲ್ಲಿ ಗಡ್ಡ (ಕೂದಲಿನಂಥ ಗರಿಗಳ ಗೊಂಚಲು) ಇರುವ ಹಕ್ಕಿಗೆ ಮಾತ್ರ ಅನುಮತಿ, ಇದೆಲ್ಲ ಕೋರ್ಸಿನಲ್ಲಿ ಬಂದಿರುತ್ತದೆ. ಇನ್ನೊಂದು ಕಾಳಜಿ. ಆ ದಿನಗಳಲ್ಲಿ ಹೇಂಟೆಗಳು ನೆಲದ ಮೇಲೆ ಹತ್ತು ಹನ್ನೆರಡು ಮೊಟ್ಟೆ ಇಟ್ಟು ಸುಮಾರು 28 ದಿನ ಕಾವು ಕೂರುತ್ತವೆ. ಬಹಳ ನಡೆಯುವವರು ನಾವು, ನಮ್ಮ ಕಾಲಿಗೇ ಗೂಡು ಸಿಗುವುದು ಹೆಚ್ಚು. ಹೇಂಟೆ ಪಾದದ ಬಳಿಯಿಂದ ದಡಬಡ ಎದ್ದು ಹಾರಿದರೆ ನಿಂತು ಹುಡುಕಬೇಡಿ, ಫೋಟೋ ಬೇಡ, ಬಂದ ದಾರಿಯಲ್ಲೇ ಹಿಂದಿರುಗಿ.

ಪ್ರಶ್ನೆ: ಟರ್ಕಿಯ ಬಾಲದ ಬೀಸಣಿಗೆ ಹಿಡಿದು, ಅದರ ಮರೆಯಲ್ಲಿ ತೆವಳುತ್ತಾ ಹುಂಜದ ಹತ್ತಿರ ಹೋಗುವ ವಿಡಿಯೊ ನೋಡಿದೆ. ಡಿಕಾಯ್ ಹೊರುವ ತಾಪತ್ರಯವೇ ಇಲ್ಲ. ಮಾಡಬಹುದಾ? (ಟೆಕ್ಸಾಸ್‌ನಿಂದ ಓದುಗರೊಬ್ಬರು)

ಉತ್ತರ: ಬೇಡ. ಅದು ಗಂಡು ಟರ್ಕಿಯ ವೇಷ ಹಾಕಿಕೊಂಡು ಬಂದೂಕುಗಳಿರುವ ಕಾಡಿನಲ್ಲಿ ತೆವಳಿದ ಹಾಗೆ. ಅಲಬಾಮಾ, ಟೆನೆಸ್ಸಿಯಂಥ ರಾಜ್ಯಗಳು ಸಾರ್ವಜನಿಕ ಬೇಟೆ ಪ್ರದೇಶಗಳಲ್ಲಿ ಇದನ್ನು ನಿಷೇಧಿಸಿವೆ. ಪೆನ್ಸಿಲ್ವೇನಿಯಾದಲ್ಲಂತೂ ವಸಂತದ ಟರ್ಕಿಯನ್ನು ಕೂಗಿ ಕರೆದೇ ಹೊಡೆಯಬೇಕು, ಹಿಂಬಾಲಿಸಿ ಹೋಗುವುದೇ ತಪ್ಪು. ಟೆಕ್ಸಾಸ್‌ನ ಬಹುಪಾಲು ನೆಲ ಖಾಸಗಿ, ಅಲ್ಲಿ ಬೇರೆ ಯಾರೂ ಇಲ್ಲ ಅನ್ನಬಹುದು. ಬೇಲಿ ದಾಟಿ ಬಂದವನೊಬ್ಬ ಇಲ್ಲ ಎಂದು ಹೇಗೆ ಗೊತ್ತು?

ಪ್ರಶ್ನೆ: ನಮ್ಮಲ್ಲೂ ಹಿಂದೆ ಹೀಗೆ ಡಿಕಾಯ್ ಇಟ್ಟು ಬೇಟೆ ಮಾಡುತ್ತಿದ್ದರಾ? (ಬೆಂಗಳೂರಿನಿಂದ)

ಉತ್ತರ: ಮಾಡುತ್ತಿದ್ದರು. ಕನ್ನಡದಲ್ಲಿ ಅದಕ್ಕೆ ಹಳೆಯ ಹೆಸರೇ ಇದೆ, ದೀವ ಅಥವಾ ದೀಹ. ಪಳಗಿಸಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡು ಜಿಂಕೆಯನ್ನು ಸೆಳೆಯುವ ವಿದ್ಯೆ ಅದು. ಗೌಜಲ ಹಕ್ಕಿಯನ್ನು ಪಂಜರದಲ್ಲಿಟ್ಟು ಕೂಗಿಸಿ ಅದರ ಬಳಗವನ್ನು ಹಿಡಿಯುವುದೂ ಇತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದೆಲ್ಲ ಅಪರಾಧ, ಗೌಜಲವನ್ನು ಹಿಡಿಯುವುದೂ ಸೇರಿ. ಅದರ ಕೂಗು ಕೇಳುವ ಆಸೆಯಿದ್ದರೆ ಬೆಳಗ್ಗೆ ಬೇಗ ಎದ್ದು ಬಯಲುಸೀಮೆಯ ಕುರುಚಲು ಕಾಡಿನ ಕಡೆ ಹೋಗಿ, ಬೈನಾಕ್ಯುಲರ್ ಹಿಡಿದು ಸುಮ್ಮನೆ ಕೂತಿರಿ.