ಎರಡು ವರ್ಷದ ಲೆಕ್ಕವನ್ನು ಬದಿಗಿಡಿ

ದಾವಣಗೆರೆಯಿಂದ ಜರ್ಮನಿಯ ಸ್ಟುಟ್‌ಗಾರ್ಟಿಗೆ ಪತ್ನಿ ಮತ್ತು ಮೂರು ವರ್ಷದ ಮಗಳೊಂದಿಗೆ ಬಂದು ನಾಲ್ಕು ತಿಂಗಳಾಯಿತೆಂದೂ, ಕೆಲಸ ಹಿಡಿಸಿದರೂ ಇಲ್ಲಿನ ಬದುಕು ಮೈಗೆ ಹತ್ತುತ್ತಿಲ್ಲವೆಂದೂ ಬರೆದಿದ್ದೀರಿ. ಸಂಜೆ ನಾಲ್ಕೂವರೆಗೇ ಕವಿಯುವ ಕತ್ತಲೆ, ಅಂಗಡಿಗಳೆಲ್ಲ ಮುಚ್ಚಿರುವ ಭಾನುವಾರ, ಕಚೇರಿಯಲ್ಲಿ ನಗುನಗುತ್ತಾ ಮಾತನಾಡುವವರಲ್ಲಿ ಒಬ್ಬರೂ ಮನೆಗೆ ಕರೆಯದಿರುವುದು, ಬಾಡಿಗೆ ಕಟ್ಟಡದ ಮೆಟ್ಟಿಲು ಗುಡಿಸುವ ಸರದಿ, ಇವನ್ನೆಲ್ಲ ವಿವರಿಸಿ ಕೊನೆಗೆ ಎರಡು ಪ್ರಶ್ನೆ ಕೇಳಿದ್ದೀರಿ. ಬದಲಾವಣೆಗೆ ಒಗ್ಗಿಕೊಳ್ಳುತ್ತಾ ಹೋದರೆ ನಾನು ನಾನಾಗಿ ಉಳಿಯುತ್ತೇನೆಯೇ ಎಂಬುದು ಒಂದು; ಎರಡು ವರ್ಷ ಹೇಗೋ ಕಳೆದು ಊರಿಗೆ ಮರಳಿಬಿಡುವುದೇ ಒಳ್ಳೆಯದಲ್ಲವೇ ಎಂಬುದು ಇನ್ನೊಂದು. ಇದೇ ನಗರದಲ್ಲಿ ನೆಲೆಸಿ ಮಕ್ಕಳನ್ನು ಬೆಳೆಸಿದವಳಾಗಿ, ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಎರಡನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ. ಮರಳುವುದರಲ್ಲಿ ತಪ್ಪೇನೂ ಇಲ್ಲ. ಹಾಗೆ ಮರಳಿ ಚೆನ್ನಾಗಿ ಬಾಳುತ್ತಿರುವವರು ನನ್ನ ಗೆಳತಿಯರಲ್ಲೇ ಇದ್ದಾರೆ. ನನ್ನ ತಕರಾರಿರುವುದು 'ಹೇಗೋ ಕಳೆಯುವ' ಆ ಎರಡು ವರ್ಷದ ಬಗ್ಗೆ. ಆ ಲೆಕ್ಕ ಹೊಕ್ಕ ಮನೆಯಲ್ಲಿ ಒಳ್ಳೆಯ ಮಂಚ ಕೊಳ್ಳುವುದಿಲ್ಲ, ಗೋಡೆಗೆ ಮೊಳೆ ಹೊಡೆಯುವುದಿಲ್ಲ, ಭಾಷೆ ಕಲಿಯುವುದಿಲ್ಲ, ಪಕ್ಕದ ಮನೆಯವರ ಹೆಸರು ಕೇಳುವುದಿಲ್ಲ. ಹೇಗೂ ಹೋಗುವವರಲ್ಲವೇ ಎಂಬ ಸಮಾಧಾನದಲ್ಲಿ ದಿನಗಳು ಉರುಳುತ್ತವೆ. ಎರಡು ವರ್ಷ ತುಂಬುವ ಹೊತ್ತಿಗೆ ಸಂಬಳ ಹೆಚ್ಚಿರುತ್ತದೆ, ಮಗು ಶಾಲೆಗೆ ಸೇರುವ ಕಾಲ ಹತ್ತಿರವಾಗಿರುತ್ತದೆ, ಊರಿನಲ್ಲಿ ತಕ್ಕ ಕೆಲಸ ಸಿಕ್ಕಿರುವುದಿಲ್ಲ, ಆಗ ಇನ್ನೆರಡು ವರ್ಷವೆಂದು ಲೆಕ್ಕ ಮುಂದೆ ಸರಿಯುತ್ತದೆ. ಹೀಗೆ ಸರಿಸುತ್ತಾ ಹತ್ತು ಹನ್ನೆರಡು ವರ್ಷ ಕಳೆದ ಕುಟುಂಬಗಳನ್ನು ಹತ್ತಿರದಿಂದ ನೋಡಿದ್ದೇನೆ. ಬದಲಾವಣೆ ಆಗಿಹೋಗಿದ್ದರೂ ಅದು ಆಗಿಯೇ ಇಲ್ಲವೆಂಬಂತೆ ಬಾಳಲು ಯತ್ನಿಸುವುದೇ ಅವರ ಬಳಲಿಕೆಗೆ ಕಾರಣವೆಂಬುದು ನನ್ನ ದೃಢವಾದ ಅಭಿಪ್ರಾಯ.

ಈ ನಗರಕ್ಕೆ ಈ ಲೆಕ್ಕ ಹೊಸದಲ್ಲ. ಯುದ್ಧಾನಂತರ ಕಾರ್ಖಾನೆಗಳಲ್ಲಿ ದುಡಿಯುವ ಕೈ ಸಾಲದೆ ಪಶ್ಚಿಮ ಜರ್ಮನಿಯು 1955ರಲ್ಲಿ ಇಟಲಿಯೊಂದಿಗೆ, 1961ರಲ್ಲಿ ತುರ್ಕಿಯೊಂದಿಗೆ ಒಪ್ಪಂದ ಮಾಡಿಕೊಂಡು ಕಾರ್ಮಿಕರನ್ನು ಕರೆಸಿಕೊಂಡಿತು. ಅವರು ಕೆಲ ಕಾಲದ ಅತಿಥಿಗಳೆಂದು ಸರ್ಕಾರವೂ ನಂಬಿತ್ತು, ಅವರೂ ನಂಬಿದ್ದರು. ಒಂದೆರಡು ವರ್ಷ ದುಡಿದು ಮರಳುವವರಿಗೆ ಭಾಷೆ ಕಲಿಸುವ ಅಗತ್ಯ ಹೆಚ್ಚಿನವರಿಗೆ ಕಾಣಲಿಲ್ಲ. 1973ರಲ್ಲಿ ಹೊಸ ನೇಮಕಾತಿ ನಿಂತುಹೋದಾಗ, ಒಮ್ಮೆ ಹೋದರೆ ಮತ್ತೆ ಬರಲಾಗದೆಂಬ ಅಂಜಿಕೆಯಿಂದ ಅನೇಕರು ಇಲ್ಲಿಯೇ ಉಳಿದು ಹೆಂಡತಿ ಮಕ್ಕಳನ್ನು ಕರೆಸಿಕೊಂಡರು. ನಮ್ಮ ಕಟ್ಟಡದಲ್ಲಿ ಅನಾಟೋಲಿಯಾದ ಹಳ್ಳಿಯೊಂದರಿಂದ ಹಾಗೆ ಬಂದ ಹಿರಿಯರೊಬ್ಬರಿದ್ದರು. ಇಲ್ಲಿ ಎರಡು ಕೋಣೆಗಳಲ್ಲಿ ಇಡೀ ಸಂಸಾರವನ್ನು ನಡೆಸುತ್ತಾ, ದುಡಿದದ್ದನ್ನು ಕೂಡಿಟ್ಟು ಊರಿನಲ್ಲಿ ಮೂರು ಅಂತಸ್ತಿನ ಮನೆ ಕಟ್ಟಿಸಿದ್ದರು; ಆ ಮನೆ ಬೇಸಿಗೆಯ ರಜೆಯೊಂದನ್ನು ಬಿಟ್ಟರೆ ವರ್ಷವಿಡೀ ಬೀಗ ಹಾಕಿಕೊಂಡೇ ಇರುತ್ತಿತ್ತು. ನಿವೃತ್ತರಾದ ಮೇಲೂ ವೈದ್ಯರೊಡನೆ ಮಾತನಾಡಲು ಅವರು ಮೊಮ್ಮಗಳನ್ನು ಜೊತೆಗೆ ಕರೆದುಕೊಂಡು ಹೋಗಬೇಕಾಗಿತ್ತು. ಬೆಂಗಳೂರಿನ ಹೊರವಲಯದಲ್ಲಿ ನಮ್ಮವರು ಸಾಲ ಮಾಡಿ ಕೊಂಡು ಬೀಗ ಹಾಕಿಟ್ಟಿರುವ ಫ್ಲ್ಯಾಟುಗಳ ಮಾತು ಬಂದಾಗಲೆಲ್ಲ ನನಗೆ ಅವರದೇ ನೆನಪಾಗುತ್ತದೆ.

ನಿಮಗೆ ಅವರಿಗಿಲ್ಲದ ಅನುಕೂಲಗಳಿವೆ. ನೀಲಿ ಕಾರ್ಡಿನ, ಅಂದರೆ ಹೆಚ್ಚು ಓದಿದ ಹೊರದೇಶದ ಉದ್ಯೋಗಿಗಳಿಗೆ ಕೊಡುವ ಪರವಾನಗಿಯ ಮೇಲೆ ಬಂದವರು ಪಿಂಚಣಿಯ ವಂತಿಗೆ ಕಟ್ಟುತ್ತಾ ನಿತ್ಯದ ವ್ಯವಹಾರಕ್ಕೆ ಸಾಕಾಗುವ ಬಿ1 ಮಟ್ಟದ ಜರ್ಮನ್ ಕಲಿತರೆ 21 ತಿಂಗಳಿಗೆ, ಆರಂಭದ ಎ1 ಮಟ್ಟದಲ್ಲೇ ಉಳಿದರೆ 27 ತಿಂಗಳಿಗೆ ಶಾಶ್ವತ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಅಂದರೆ ನೀವು ಹೇಗೋ ಕಳೆಯಬೇಕೆಂದುಕೊಂಡಿರುವ ಅವಧಿಯೊಳಗೇ ಈ ದೇಶದ ಕಾನೂನು ನಿಮ್ಮನ್ನು ಉಳಿಯುವವರೆಂದು ಒಪ್ಪಿಕೊಳ್ಳಲು ಸಿದ್ಧವಾಗಿದೆ. ಕಾನೂನು ಒಪ್ಪುವಷ್ಟನ್ನು ನೀವೂ ಒಪ್ಪಿಕೊಂಡು, ಕೊನೆಗೆ ಮರಳುವುದಾದರೂ ಆವರೆಗೆ ಇಲ್ಲಿನವರಾಗಿಯೇ ಬಾಳಿ ಎಂಬುದೇ ನಾನು ಹೇಳಬೇಕಾದದ್ದು.

ಚಳಿಗಾಲದ ಬಗ್ಗೆ ಒಂದೆರಡು ಮಾತು ಸಾಕು, ಏಕೆಂದರೆ ಅದು ಮನಸ್ಸಿನ ಸಮಸ್ಯೆಗಿಂತ ಹೆಚ್ಚಾಗಿ ಮೈಯ ಸಮಸ್ಯೆ. ದಾವಣಗೆರೆಯಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಎರಡು ತಾಸಿನಷ್ಟೂ ವ್ಯತ್ಯಾಸವಿಲ್ಲ. ಸ್ಟುಟ್‌ಗಾರ್ಟಿನಲ್ಲಿ ಆ ಅಂತರ ಸುಮಾರು ಎಂಟು ತಾಸು. ಡಿಸೆಂಬರಿನಲ್ಲಿ ಇಲ್ಲಿ ಬೆಳಕು ಹರಿಯುವುದೇ ಎಂಟು ಗಂಟೆಯ ಹೊತ್ತಿಗೆ, ಆದ್ದರಿಂದ ಬೆಳಗ್ಗೆ ಕಚೇರಿಗೆ ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಮಧ್ಯಾಹ್ನದ ಊಟದ ಬಿಡುವಿನಲ್ಲಿ ಮೋಡವಿದ್ದರೂ ಅರ್ಧ ತಾಸು ಹೊರಗೆ ನಡೆಯಿರಿ. ನಮ್ಮಂಥ ಕಂದು ಚರ್ಮದವರಿಗೆ ಇಲ್ಲಿನ ಚಳಿಗಾಲದ ಬಿಸಿಲಿನಿಂದ ಸಾಕಷ್ಟು ವಿಟಮಿನ್ ಡಿ ಸಿಗದಾದ್ದರಿಂದ ಮನೆಯ ವೈದ್ಯರಿಗೆ ಹೇಳಿ ಮೂವರೂ ಪರೀಕ್ಷೆ ಮಾಡಿಸಿಕೊಳ್ಳಿ. ಮರಳುವ ನಿರ್ಧಾರವನ್ನು ಮಾತ್ರ ಈ ತಿಂಗಳುಗಳಲ್ಲಿ ಮಾಡಬೇಡಿ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಬಿಸಿಲಿರುವಾಗ ಕುಳಿತು ಯೋಚಿಸಿ. ಆಗಲೂ ಮರಳಬೇಕೆನಿಸಿದರೆ ಆ ನಿರ್ಧಾರ ಗಟ್ಟಿಯಾದದ್ದು.

ಗುಡಿಸುವ ಸರದಿಯ ಬಗ್ಗೆ ನಿಮಗೆ ಬೇಸರವಿದೆ. ಕಚೇರಿಯಲ್ಲಿ ತಂಡವನ್ನು ನಡೆಸುವವನು ಶನಿವಾರ ಮೆಟ್ಟಿಲು ಒರೆಸುವುದೇ ಎಂದು ಊರಿನಿಂದ ಅಪ್ಪ ಕೇಳಿದರೆಂದು ಬರೆದಿದ್ದೀರಿ. ಈ ಸೀಮೆಯ, ಅಂದರೆ ಸ್ವಾಬಿಯದ, ಈ ಪದ್ಧತಿ ಶತಮಾನಗಳಷ್ಟು ಹಳೆಯದು. ಸರದಿ ಬಂದ ಮನೆಯ ಬಾಗಿಲಿಗೆ ಒಂದು ಫಲಕ ತೂಗುಬೀಳುತ್ತದೆ. ಆ ವಾರ ಮೆಟ್ಟಿಲು, ನೆಲಮಾಳಿಗೆ, ಮನೆಯ ಮುಂದಿನ ಕಾಲುದಾರಿ ಎಲ್ಲವೂ ಅವರ ಹೊಣೆ, ಅವರು ಪ್ರಾಧ್ಯಾಪಕರಾಗಿರಲಿ ಬಸ್ ಚಾಲಕರಾಗಿರಲಿ. ಹಿಮ ಬಿದ್ದರೆ ಕೆಲಸದ ದಿನಗಳಲ್ಲಿ ಬೆಳಗ್ಗೆ 7ರೊಳಗೆ ದಾರಿ ತೆರವಾಗಿರಬೇಕು. ನೀವು ತೆರೆಯಲಿ ಎಂದು ಕಾಯುತ್ತಿರುವ ಬಾಗಿಲು ಕಚೇರಿಯಲ್ಲಿಲ್ಲ, ಇಲ್ಲಿದೆ ಎಂಬುದು ನನ್ನ ಅನುಭವ. ನಮ್ಮ ಕೆಳಮನೆಯ ಅಜ್ಜಿ ನನ್ನೊಡನೆ ಮೊದಲು ಮಾತನಾಡಿದ್ದು ಹಿಮ ಸರಿಸುತ್ತಿದ್ದ ಒಂದು ಬೆಳಗ್ಗೆ, ಸಲಿಕೆ ಹಿಡಿಯುವ ರೀತಿ ತೋರಿಸಲು ಬಂದಾಗ. ಮುಂದೆ ಅವರೇ ನನ್ನ ಮಕ್ಕಳಿಗೆ ಸ್ವಾಬಿಯದ ಆಡುಮಾತು ಕಲಿಸಿದರು, ದೀಪಾವಳಿಯ ಚಕ್ಕುಲಿಗೆ ಪ್ರತಿವರ್ಷ ಕಾದಿರುತ್ತಿದ್ದರು. ಇಲ್ಲಿನವರು ಮನೆಗೆ ಕರೆಯುವುದು ತಡ. ಆದರೆ ಹೊಣೆಯನ್ನು ಹಂಚಿಕೊಂಡವರನ್ನು ತಮ್ಮವರೆಂದು ಎಣಿಸುವುದರಲ್ಲಿ ಅವರು ತಡಮಾಡುವುದನ್ನು ನಾನು ಕಂಡಿಲ್ಲ.

ಫೆಬ್ರವರಿಯಲ್ಲಿ ಮಗಳಿಗೆ ಶಿಶುವಿಹಾರದಲ್ಲಿ ಜಾಗ ಸಿಕ್ಕಿದೆಯೆಂಬುದು ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಸಂತೋಷ ತಂದ ಸುದ್ದಿ. ಇಲ್ಲಿನವರು ಕೀಟಾ ಎಂದು ಕರೆಯುವ ಈ ಶಾಲೆಗಳಲ್ಲಿ ಮಗುವನ್ನು ಮೊದಲ ದಿನವೇ ಬಿಟ್ಟು ಬರುವಂತಿಲ್ಲ. ಬರ್ಲಿನ್ ಮಾದರಿ ಎಂಬ ಕ್ರಮವನ್ನು ಅನುಸರಿಸುವ ಕಡೆ ಮೊದಲ ಮೂರು ದಿನ ತಾಯಿಯೋ ತಂದೆಯೋ ಮಗುವಿನ ಜೊತೆಗೇ ಕೋಣೆಯ ಮೂಲೆಯಲ್ಲಿ ಸುಮ್ಮನೆ ಕುಳಿತಿರಬೇಕು. ಸಾಮಾನ್ಯವಾಗಿ ನಾಲ್ಕನೆಯ ದಿನ ಮೊದಲ ಬಾರಿಗೆ ಸ್ವಲ್ಪ ಹೊತ್ತು ಹೊರಗೆ ಹೋಗಿ ನೋಡುತ್ತಾರೆ. ಮಗು ಅತ್ತರೂ ಶಿಕ್ಷಕಿಯ ಕೈಯಲ್ಲಿ ಸಮಾಧಾನಗೊಂಡರೆ ಅಗಲಿಕೆಯ ಸಮಯವನ್ನು ದಿನದಿನಕ್ಕೆ ಹೆಚ್ಚಿಸುತ್ತಾರೆ. ಸಮಾಧಾನಗೊಳ್ಳದಿದ್ದರೆ ಮತ್ತೆ ಕೆಲವು ದಿನ ಕಾಯುತ್ತಾರೆ, ಯಾರೂ ಅವಸರಪಡುವುದಿಲ್ಲ. ಇದರಲ್ಲಿ ಒಂದು ಕಟ್ಟುನಿಟ್ಟಾದ ನಿಯಮವಿದೆ: ಮಗುವಿನ ಕಣ್ತಪ್ಪಿಸಿ ಹೊರಡಬಾರದು. ಎದುರಿಗೆ ನಿಂತು, ಹೋಗುತ್ತಿದ್ದೇನೆ ಎಂದು ಹೇಳಿ, ಅದು ಅಳುವುದನ್ನು ನೋಡಿಯೇ ಹೊರಡಬೇಕು.

ನನ್ನ ಮಕ್ಕಳ ಸಲುವಾಗಿ ಆ ಮೂಲೆಯಲ್ಲಿ ಕುಳಿತಿದ್ದಾಗ ನನಗೆ ತಿಳಿದುಬಂದದ್ದು ಬಹಳ. ದೊಡ್ಡವರಾದ ನಮಗೆ ಆ ಮೂರು ದಿನಗಳನ್ನು ಯಾರೂ ಕೊಡುವುದಿಲ್ಲ, ನಾವೂ ಕೊಟ್ಟುಕೊಳ್ಳುವುದಿಲ್ಲ. ಬಂದ ವಾರದಿಂದಲೇ ಎಲ್ಲ ಸರಿಯಾಗಿದೆ ಎಂದು ಊರಿಗೆ ಫೋಟೋ ಕಳಿಸುತ್ತೇವೆ. ಅದಕ್ಕಿಂತ ಮುಖ್ಯವಾಗಿ, ನಮ್ಮಲ್ಲಿ ಬಹಳ ಮಂದಿ ಊರಿನ ಕಣ್ತಪ್ಪಿಸಿ ಹೊರಟು ಬಂದವರು. ಅಪ್ಪ ಅಮ್ಮನ ಸಮಾಧಾನಕ್ಕೆ 'ಎರಡೇ ವರ್ಷ' ಎನ್ನುತ್ತೇವೆ, ಆಮೇಲೆ ಆ ಮಾತನ್ನು ನಾವೇ ನಂಬಿಕೊಂಡು ಯಾವ ಅಗಲಿಕೆಯನ್ನೂ ಪೂರ್ತಿಯಾಗಿ ಅತ್ತು ಮುಗಿಸುವುದಿಲ್ಲ. ಬಿಟ್ಟು ಬಂದದ್ದೇನೆಂದು ಬಾಯಿಬಿಟ್ಟು ಹೇಳಿಕೊಳ್ಳಿ. ಬೆಣ್ಣೆದೋಸೆಯ ಹೋಟೆಲಿನಲ್ಲಿ ಗೆಳೆಯರ ಜೊತೆ ಕಳೆಯುತ್ತಿದ್ದ ಬೆಳಗುಗಳು, ಅಣ್ಣನ ಮಕ್ಕಳು ಬೆಳೆಯುವುದನ್ನು ದಿನವೂ ನೋಡುವ ಭಾಗ್ಯ, ಕೇಳದೆಯೇ ಒಳಗೆ ಬರುವ ನೆರೆಹೊರೆ, ಇವು ಹೋದವು ಎಂದು ಗಂಡ ಹೆಂಡತಿ ಇಬ್ಬರೂ ಕುಳಿತು ಒಪ್ಪಿಕೊಂಡ ಮೇಲೆ ಇಲ್ಲಿರುವುದು ಕಣ್ಣಿಗೆ ಬೀಳಲು ಶುರುವಾಗುತ್ತದೆ.

ತಂದೆ ತಾಯಿಯರ ವಿಷಯ ಎಲ್ಲಕ್ಕಿಂತ ಕಠಿಣವಾದದ್ದು, ಅದನ್ನು ಮೃದುಗೊಳಿಸಿ ಹೇಳಲಾರೆ. 2024ರ ಮಾರ್ಚ್ 1ರಿಂದ ಈಚೆಗೆ ಮೊದಲ ಬಾರಿಗೆ ಪರವಾನಗಿ ಪಡೆದ ಕುಶಲ ಕೆಲಸಗಾರರು ತಂದೆ ತಾಯಿಯರನ್ನೂ ಕರೆಸಿಕೊಳ್ಳಲು ಈಗ ಅವಕಾಶವಿದೆ, ಆದರೆ ಅವರ ಜೀವನ ನಿರ್ವಹಣೆಗೂ ಆರೋಗ್ಯ ವಿಮೆಗೂ ನೀವೇ ಹೊಣೆ, ಆ ವಯಸ್ಸಿನವರಿಗೆ ವಿಮೆ ಸಿಗುವುದು ಸುಲಭವಲ್ಲ. ಬಂದರೂ ಮಾತಿಗೆ ಜನವಿಲ್ಲದ ಚಳಿಗಾಲವನ್ನು ಅವರು ಬಯಸುತ್ತಾರೆಯೇ ಎಂದು ಅವರನ್ನೇ ಕೇಳಬೇಕು. ಊರಿನಿಂದ ಅಪರಾತ್ರಿ ಕರೆ ಬಂದರೆ ಫ್ರಾಂಕ್‌ಫರ್ಟಿಗೆ ಹೋಗಿ, ನೇರ ವಿಮಾನ ಹಿಡಿದು, ಬೆಂಗಳೂರಿನಿಂದ ಮತ್ತೆ ರಸ್ತೆಯಲ್ಲಿ ಹೋಗುವಷ್ಟರಲ್ಲಿ ಒಂದು ದಿನ ಕಳೆದಿರುತ್ತದೆ. ಕೆಲವೊಮ್ಮೆ ನಮಗಾಗಿ ಕಾಯಲಾಗುವುದಿಲ್ಲ. ಈ ಸಾಧ್ಯತೆಯನ್ನು ಅಣ್ಣನೊಡನೆ ಈಗಲೇ ಮಾತನಾಡಿಕೊಳ್ಳಿ, ಖರ್ಚನ್ನೂ ಓಡಾಟವನ್ನೂ ಹೇಗೆ ಹಂಚಿಕೊಳ್ಳುವುದೆಂದು ಸ್ಪಷ್ಟಪಡಿಸಿಕೊಳ್ಳಿ. ದಿನನಿತ್ಯದ ಮಟ್ಟಿಗೆ, ಚಳಿಗಾಲದಲ್ಲಿ ಊರು ನಾಲ್ಕೂವರೆ ತಾಸು ಮುಂದಿರುವುದರಿಂದ ನೀವು ಸಂಜೆ ಕರೆ ಮಾಡುವ ಹೊತ್ತಿಗೆ ಅವರು ಮಲಗಿರುತ್ತಾರೆ. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಮಾತನಾಡಿದರೆ ಅಲ್ಲಿ ಮಧ್ಯಾಹ್ನ, ಅಮ್ಮ ಅಡುಗೆ ಮುಗಿಸಿ ಬಿಡುವಾಗಿರುವ ಹೊತ್ತು.

ಇನ್ನು ನಾನು ನಾನಾಗಿ ಉಳಿಯುತ್ತೇನೆಯೇ ಎಂಬ ಪ್ರಶ್ನೆ. ಸ್ಟುಟ್‌ಗಾರ್ಟಿನಿಂದ ನೆಕ್ಕರ್ ನದಿಯ ಮೇಲ್ಭಾಗಕ್ಕೆ ಹೋದರೆ ಟ್ಯೂಬಿಂಗೆನ್ ಸಿಗುತ್ತದೆ. ಫರ್ಡಿನಾಂಡ್ ಕಿಟ್ಟೆಲ್ ತಮ್ಮ ಕೊನೆಯ ವರ್ಷಗಳನ್ನು ಕಳೆದು 1903ರಲ್ಲಿ ತೀರಿಕೊಂಡ ಊರು ಅದು. 1853ರಲ್ಲಿ ಕರ್ನಾಟಕಕ್ಕೆ ಬಂದ ಅವರು 1894ರಲ್ಲಿ ಪ್ರಕಟವಾದ ನಿಘಂಟಿಗಾಗಿ ದಶಕಗಳ ಕಾಲ ಕನ್ನಡದೊಳಗೇ ಬದುಕಿದರು. ಅಷ್ಟು ಆಳಕ್ಕೆ ಇಳಿದರೂ ಅವರು ಜರ್ಮನ್ ಪಾದ್ರಿಯಾಗಿಯೇ ಉಳಿದರು, ಮತ್ತು ಹಾಗೆ ಉಳಿದದ್ದರಿಂದ ಕನ್ನಡದ ಮೇಲಿನ ಅವರ ಅಕ್ಕರೆ ಕಡಿಮೆಯಾಗಲಿಲ್ಲ. ನಿಮ್ಮ ಮನೆಯಲ್ಲಿಯೂ ಮಗಳೊಡನೆ ಕನ್ನಡವನ್ನೇ ಮಾತನಾಡಿ. ಜರ್ಮನ್ ಅವಳಿಗೆ ಕೀಟಾದಲ್ಲಿ ತಾನಾಗಿ ಬರುತ್ತದೆ, ನಿಮ್ಮ ತಪ್ಪು ಉಚ್ಚಾರದ ಜರ್ಮನ್ ಅವಳಿಗೆ ಬೇಕಿಲ್ಲ. ನಿಮ್ಮಲ್ಲಿ ಕೆಲವು ಸಂಗತಿಗಳು ಬದಲಾಗಿಯೇ ತೀರುತ್ತವೆ: ಹೊತ್ತಿಗೆ ಸರಿಯಾಗಿ ಹೋಗುವುದು, ಒಲ್ಲದ್ದನ್ನು ಒಲ್ಲೆನೆಂದು ನೇರವಾಗಿ ಹೇಳುವುದು, ಮನೆಗೆಲಸದಲ್ಲಿ ಅರ್ಧ ಪಾಲು ಹೊರುವುದು. ಇವುಗಳಲ್ಲಿ ಯಾವುದೂ ದಾವಣಗೆರೆಯವನಿಗೆ ಸಲ್ಲದ ಗುಣವೆಂದು ನನಗನ್ನಿಸಿಲ್ಲ.

ಪೌರತ್ವದ ವಿಚಾರವನ್ನು ಈಗಲೇ ತಲೆಗೆ ಹಚ್ಚಿಕೊಳ್ಳಬೇಡಿ. 2024ರ ಜೂನ್‌ನಿಂದ ಜರ್ಮನಿ ಐದು ವರ್ಷಕ್ಕೆ ಪೌರತ್ವ ಕೊಡುತ್ತಿದೆ, ಹಳೆಯ ಪೌರತ್ವವನ್ನು ಬಿಡಬೇಕೆಂದೂ ಕೇಳುವುದಿಲ್ಲ; ಆದರೆ ಭಾರತದ 1955ರ ಕಾಯ್ದೆ ಎರಡನ್ನೂ ಇಟ್ಟುಕೊಳ್ಳಲು ಬಿಡುವುದಿಲ್ಲ. ಅದಕ್ಕೆ ಕಾಲವಿದೆ.

ಕಾಲವಿಲ್ಲದಿರುವುದು ಭಾಷೆಯ ತರಗತಿಗೆ. ರೋಟೆಬ್ಯೂಲ್‌ಪ್ಲಾಟ್ಸ್‌ನಲ್ಲಿರುವ ಸಾರ್ವಜನಿಕ ಶಿಕ್ಷಣ ಕೇಂದ್ರದಲ್ಲಿ, ಅಂದರೆ ಎಲ್ಲರೂ ಫೋಕ್ಸ್‌ಹೋಖ್‌ಶೂಲೆ ಎನ್ನುವ ಕಡೆ, ಸಂಜೆಯ ತರಗತಿಗಳೂ ಇರುತ್ತವೆ, ಜಾಗಗಳು ಬೇಗ ತುಂಬಿಹೋಗುತ್ತವೆ. ನಿಮ್ಮ ಪತ್ನಿಯನ್ನೂ ಸೇರಿಸಿ. ನಿಮಗೆ ಕಚೇರಿಯಲ್ಲಿ ಇಂಗ್ಲಿಷ್ ಸಾಕಾಗುತ್ತದೆ, ಆದರೆ ಕೀಟಾದ ಶಿಕ್ಷಕಿಯೊಡನೆ, ವೈದ್ಯರೊಡನೆ, ಮೆಟ್ಟಿಲಲ್ಲಿ ಎದುರಾಗುವ ಅಜ್ಜಿಯೊಡನೆ ಮಾತನಾಡಬೇಕಾಗುವುದು ಅವರಿಗೇ ಹೆಚ್ಚು. ಮಟ್ಟ ಗೊತ್ತುಪಡಿಸುವ ಪರೀಕ್ಷೆಗೆ ಹೋಗುವ ದಿನ ಮಗಳನ್ನು ನೋಡಿಕೊಳ್ಳಲು ಯಾರೂ ಇಲ್ಲದಿದ್ದರೆ ನಮ್ಮ ಮನೆಗೆ ಕರೆತನ್ನಿ. ಆಟದ ಸಾಮಾನುಗಳು ಇನ್ನೂ ನೆಲಮಾಳಿಗೆಯಲ್ಲಿವೆ, ನಾನು ಗುರುವಾರ ಮನೆಯಲ್ಲೇ ಇರುತ್ತೇನೆ.