ಲ್ಯಾಪ್‌ಟಾಪ್ ಇಲ್ಲದ ಪ್ರವಾಸದಲ್ಲಿ ಫೋಟೊ ಎಲ್ಲಿಡೋದು?

ಪ್ರಶ್ನೆ: ಜೂನ್‌ನಲ್ಲಿ ಗಂಡ-ಹೆಂಡತಿ 12 ದಿನ ಲಡಾಖ್‌ಗೆ ಹೊರಟಿದ್ದೇವೆ. 24 ಮೆಗಾಪಿಕ್ಸೆಲ್ ಮಿರರ್‌ಲೆಸ್ ಕ್ಯಾಮೆರಾ ಇದೆ, ಟೈಪ್-ಸಿ ಆಂಡ್ರಾಯ್ಡ್ ಫೋನ್ ಇದೆ. ಲ್ಯಾಪ್‌ಟಾಪ್ ಹೊರುವ ಮನಸ್ಸಿಲ್ಲ. ಮನೆಯಲ್ಲಿರುವ 1 ಟಿಬಿ ಹಾರ್ಡ್ ಡಿಸ್ಕ್ ಒಯ್ದು, ದಿನಾ ರಾತ್ರಿ ಅದಕ್ಕೆ ಹಾಕಿ ಕಾರ್ಡ್ ಖಾಲಿ ಮಾಡಿಕೊಂಡರೆ ಸಾಕೇ?
– ಓದುಗರು, ಶಿವಮೊಗ್ಗ

ಉತ್ತರ: ಹಾರ್ಡ್ ಡಿಸ್ಕನ್ನು ಮನೆಯಲ್ಲೇ ಬಿಡಿ. ಕಾರ್ಡನ್ನು ಖಾಲಿ ಮಾಡಲೇಬೇಡಿ.

ತಿರುಗುವ ಹಾರ್ಡ್ ಡಿಸ್ಕಿನ ಒಳಗೆ ದತ್ತಾಂಶ ಓದುವ ಹೆಡ್ಡು ತಟ್ಟೆಗೆ ತಾಗದೆ, ಗಾಳಿಯ ತೀರಾ ತೆಳುವಾದ ಪದರದ ಮೇಲೆ ತೇಲುತ್ತಿರುತ್ತದೆ. ಎತ್ತರಕ್ಕೆ ಹೋದಷ್ಟೂ ಗಾಳಿ ವಿರಳವಾಗಿ ಆ ಪದರ ಕುಸಿಯುತ್ತದೆ. ಸಾಮಾನ್ಯವಾಗಿ ಇಂಥ ಡಿಸ್ಕುಗಳು ಸುಮಾರು 3,000 ಮೀಟರ್‌ವರೆಗೆ ಕೆಲಸ ಮಾಡುವಂತೆ ತಯಾರಾಗಿರುತ್ತವೆ. ಲೇಹ್ ಪಟ್ಟಣವೇ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಪ್ಯಾಂಗಾಂಗ್ ಸರೋವರ 4,200 ದಾಟುತ್ತದೆ. ಅಲ್ಲಿ ಡಿಸ್ಕ್ ಚಾಲೂ ಮಾಡಿದೊಡನೆ ಕೆಡುತ್ತದೆ ಎಂದಲ್ಲ, ಆದರೆ ಕೆಟ್ಟರೆ ದೂರುವಂತಿಲ್ಲ. ಅದರ ಬದಲು ಚಿಪ್‌ಗಳಲ್ಲಿ ದತ್ತಾಂಶ ಇಡುವ ಎಸ್‌ಎಸ್‌ಡಿ ಒಯ್ಯಿರಿ. ಅದರಲ್ಲಿ ತಿರುಗುವ ಭಾಗವೇ ಇಲ್ಲದ್ದರಿಂದ ಎತ್ತರದ ತಾಪತ್ರಯವಿಲ್ಲ, ಟೆಂಪೊ ಟ್ರಾವೆಲರ್‌ನ ಕುಲುಕಾಟಕ್ಕೂ ಅದು ಅಂಜುವುದಿಲ್ಲ.

ಇನ್ನು ಲೆಕ್ಕ. ನಿಮ್ಮ ಕ್ಯಾಮೆರಾದ ಒಂದು ರಾ ಫೈಲು (ಸಂಸ್ಕರಿಸದ ಮೂಲ ಚಿತ್ರ) ಸುಮಾರು 30 ಎಂಬಿ, ಜೊತೆಗಿನ ಜೆಪೆಗ್ 10 ಎಂಬಿ ಎಂದಿಟ್ಟುಕೊಳ್ಳಿ. ದಿನಕ್ಕೆ 300 ಫೋಟೊ ಎಂದರೆ 12 ಜಿಬಿ. 4ಕೆ ವಿಡಿಯೊವನ್ನು ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದರೆ ನಿಮಿಷಕ್ಕೆ 750 ಎಂಬಿ ನುಂಗುತ್ತದೆ. ಹತ್ತು ನಿಮಿಷಕ್ಕೆ ಏಳೂವರೆ ಜಿಬಿ. ಅಂದರೆ ದಿನಕ್ಕೆ ಸುಮಾರು 20 ಜಿಬಿ, 12 ದಿನಕ್ಕೆ 240. ಇದಕ್ಕೆ 500 ಜಿಬಿಯ ಒಂದು ಎಸ್‌ಎಸ್‌ಡಿ, 64 ಜಿಬಿಯ ಐದು ಕಾರ್ಡು ಸಾಕು. ಒಂದು ಕಾರ್ಡು ಹತ್ತಿರಹತ್ತಿರ ಮೂರು ದಿನ ಬರುತ್ತದೆ, ಐದನೆಯದು ಕೈಕಾವಲಿಗೆ. ಐದರ ಬದಲು 512 ಜಿಬಿಯ ಒಂದೇ ಕಾರ್ಡು ಕೊಳ್ಳುವ ಆಸೆ ಬರಬಹುದು. ಬೇಡ. ಅದು ಕಳೆದರೆ ಇಡೀ ಪ್ರವಾಸ ಹೋಯಿತು. ಸಣ್ಣದು ಕಳೆದರೆ ಮೂರು ದಿನ ಮಾತ್ರ.

ಕಾರ್ಡ್ ಅಳಿಸಬೇಡಿ ಎಂದದ್ದು ಏಕೆಂದರೆ, ಡಿಸ್ಕಿಗೆ ಹಾಕಿ ಕಾರ್ಡ್ ಅಳಿಸಿದ ಮೇಲೆ ನಿಮ್ಮ ಹತ್ತಿರ ಉಳಿಯುವುದು ಮತ್ತೆ ಒಂದೇ ಪ್ರತಿ. ಅದು ಫೋಟೊಗಳಿಗೆ ಮನೆ ಬದಲಾಯಿಸಿದಂತಾಯಿತೇ ಹೊರತು ಬ್ಯಾಕಪ್ ಆಗಲಿಲ್ಲ. ತುಂಬಿದ ಕಾರ್ಡನ್ನು ಡಬ್ಬಿಯಲ್ಲಿ ತಲೆಕೆಳಗಾಗಿಡುವ ಅಭ್ಯಾಸ ಮಾಡಿಕೊಳ್ಳಿ, ಯಾವುದು ಖಾಲಿ ಯಾವುದು ತುಂಬಿದ್ದು ಎಂದು ಕತ್ತಲಲ್ಲೂ ಗೊತ್ತಾಗುತ್ತದೆ. ಡಬ್ಬಿ ನಿಮ್ಮವರ ಜಾಕೆಟ್ ಜೇಬಿನಲ್ಲಿರಲಿ, ಎಸ್‌ಎಸ್‌ಡಿ ನಿಮ್ಮ ಚೀಲದಲ್ಲಿರಲಿ. ಎರಡನ್ನೂ ಒಂದೇ ಕ್ಯಾಮೆರಾ ಬ್ಯಾಗಿಗೆ ತುರುಕಿದರೆ ಕಳ್ಳನಿಗೆ ಕೆಲಸ ಸಲೀಸು.

ಜೋಡಣೆಗೆ ಬೇಕಾದದ್ದು ಫೋನಿನ ಒಂದೇ ಕಿಂಡಿಗೆ ಹಲವು ಸಾಧನ ಸೇರಿಸುವ ಒಂದು ಟೈಪ್-ಸಿ ಹಬ್. ಅದರಲ್ಲಿ ಎಸ್‌ಡಿ ಕಾರ್ಡ್ ಸಂದು, ಯುಎಸ್‌ಬಿ 3 ಕಿಂಡಿ, ಚಾರ್ಜರ್‌ಗೆ ಇನ್ನೊಂದು ಟೈಪ್-ಸಿ ಕಿಂಡಿ ಮೂರೂ ಇರಬೇಕು. ಅಗ್ಗದ ಎಷ್ಟೋ ಹಬ್‌ಗಳಲ್ಲಿ ಕಾರ್ಡ್ ಸಂದಿನ ವೇಗ ಯುಎಸ್‌ಬಿ 2ರದ್ದು. ಸೆಕೆಂಡಿಗೆ 30 ಎಂಬಿ ಬಂದರೆ ಹೆಚ್ಚು. ಪೂರ್ತಿ ತುಂಬಿದ 64 ಜಿಬಿ ಕಾರ್ಡಿಗೆ ಅದರಲ್ಲಿ ಅರ್ಧ ಗಂಟೆಗೂ ಮಿಗಿಲು ಹಿಡಿದರೆ, ಒಳ್ಳೆಯ ಹಬ್‌ನಲ್ಲಿ ಹದಿಮೂರು-ಹದಿನಾಲ್ಕು ನಿಮಿಷ. ದಣಿದು ಬಂದ ರಾತ್ರಿ ಈ ವ್ಯತ್ಯಾಸ ಸಣ್ಣದಲ್ಲ.

ಇಲ್ಲಿ ಹೆಚ್ಚಿನವರು ಎಡವುವ ಜಾಗ ಒಂದಿದೆ. ಹಬ್‌ನ ಚಾರ್ಜಿಂಗ್ ಕಿಂಡಿಗೆ ಗೋಡೆಯ ಚಾರ್ಜರ್ ಸಿಕ್ಕಿಸಿ ಕಾಪಿ ಶುರು ಮಾಡುತ್ತಾರೆ. ನಡುವೆ ಗೆಸ್ಟ್‌ಹೌಸ್‌ನ ಕರೆಂಟು ಹೋಗುತ್ತದೆ. ಆಗ ಫೋನು, ಹಬ್ ಎರಡೂ ವಿದ್ಯುತ್ತಿನ ಕೊಡು-ಕೊಳ್ಳುವಿಕೆಯನ್ನು ಹೊಸದಾಗಿ ಹೊಂದಿಸಿಕೊಳ್ಳುತ್ತವೆ, ಆ ಒಂದು ಕ್ಷಣ ಡಿಸ್ಕಿನ ಸಂಪರ್ಕ ಕಡಿಯುತ್ತದೆ. ನಡೆಯುತ್ತಿದ್ದ ಕಾಪಿ ಮುರಿದುಬೀಳುತ್ತದೆ, ದುರದೃಷ್ಟವಿದ್ದರೆ ಡಿಸ್ಕಿನ ಫೈಲ್ ಪಟ್ಟಿಯೇ ಕೆಡುತ್ತದೆ. ಕಾರ್ಡಿನಲ್ಲಿ, ಎಸ್‌ಎಸ್‌ಡಿಯಲ್ಲಿ ಫೈಲುಗಳನ್ನು ಜೋಡಿಸಿಡಲು ಸಾಮಾನ್ಯವಾಗಿರುವ ಎಕ್ಸ್‌ಫ್ಯಾಟ್ ವ್ಯವಸ್ಥೆಗೆ ಅರ್ಧಕ್ಕೆ ನಿಂತ ಬರವಣಿಗೆಯನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿ ಇಲ್ಲ. ಹಾಗಾಗಿ ಕಾಪಿ ಮಾಡುವಾಗ ಹಬ್‌ಗೆ ಪವರ್ ಬ್ಯಾಂಕ್ ಹಾಕಿ, ಮುಗಿಯುವವರೆಗೆ ಯಾವ ವೈರನ್ನೂ ಮುಟ್ಟಬೇಡಿ. 20,000 ಎಂಎಎಚ್‌ನ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್-ಅವರ್. ವಿಮಾನದ 100ರ ಮಿತಿಯೊಳಗೇ ಇದೆ, ಆದರೆ ಕೈಚೀಲದಲ್ಲೇ ಒಯ್ಯಬೇಕು, ಚೆಕ್-ಇನ್ ಲಗೇಜಿನಲ್ಲಿ ಇಡುವಂತಿಲ್ಲ.

ರಾತ್ರಿಯ ಕೆಲಸ ಹೀಗೆ. ಫೋನಿನ ಬ್ಯಾಟರಿ ಸೇವರ್ ಆಫ್ ಮಾಡಿ, ಪರದೆ ಆರುವ ಸಮಯವನ್ನು ಇರುವಷ್ಟು ಹೆಚ್ಚಿಸಿ. ಕೆಲವು ಫೋನುಗಳಲ್ಲಿ ಪರದೆ ಆರಿದರೆ ಕಾಪಿಯೂ ನಿಲ್ಲುತ್ತದೆ. ಫೈಲ್ ಮ್ಯಾನೇಜರ್‌ನಲ್ಲಿ ಎಸ್‌ಎಸ್‌ಡಿ ತೆರೆದು ಆ ದಿನದ ಹೆಸರಿನ ಹೊಸ ಫೋಲ್ಡರ್ ಮಾಡಿ: 0614-ಕಾರ್ಡ್2, ಈ ರೀತಿ. ದಿನಕ್ಕೊಂದು ಫೋಲ್ಡರ್ ಯಾಕೆಂದರೆ ಕ್ಯಾಮೆರಾ 9999 ಆದ ಮೇಲೆ ಮತ್ತೆ 0001ರಿಂದ ಎಣಿಸುತ್ತದೆ. ಕೆಲವು ಸೆಟ್ಟಿಂಗ್‌ನಲ್ಲಿ ಕಾರ್ಡ್ ಬದಲಿಸಿದಾಗೆಲ್ಲ ಒಂದರಿಂದ ಶುರುಮಾಡುತ್ತದೆ. ಎಲ್ಲವನ್ನೂ ಒಂದೇ ಫೋಲ್ಡರಿಗೆ ಸುರಿದರೆ ‘ರಿಪ್ಲೇಸ್?’ ಎಂದು ಫೋನು ಕೇಳುತ್ತದೆ, ನಿದ್ದೆಗಣ್ಣಿನಲ್ಲಿ ಹೌದು ಎಂದುಬಿಟ್ಟರೆ ಮೊನ್ನೆಯ ನುಬ್ರಾ ಕಣಿವೆಯ ಮೇಲೆ ಇವತ್ತಿನ ಪ್ಯಾಂಗಾಂಗ್ ಕೂತಿರುತ್ತದೆ. ‘ಮೂವ್’ ಒತ್ತಬೇಡಿ, ‘ಕಾಪಿ’ ಒತ್ತಿ. ಫೋಟೊಗಳಿರುವ ಡಿಸಿಐಎಂ ಫೋಲ್ಡರ್ ಒಂದನ್ನೇ ಅಲ್ಲ, ಕಾರ್ಡಿನಲ್ಲಿ ಇರುವುದೆಲ್ಲವನ್ನೂ ತೆಗೆದುಕೊಳ್ಳಿ. ಸೋನಿ ಕ್ಯಾಮೆರಾಗಳು ವಿಡಿಯೊವನ್ನು ‘ಪ್ರೈವೇಟ್’ ಎಂಬ ಬೇರೆ ಫೋಲ್ಡರಿನಲ್ಲಿ ಇಡುತ್ತವೆ, ಊರಿಗೆ ಬಂದ ಮೇಲೆ ವಿಡಿಯೊ ಎಲ್ಲಿ ಎಂದು ಹುಡುಕುವವರು ಬಹಳ ಜನ.

ಮುಗಿದ ಮೇಲೆ ಎರಡೂ ಕಡೆ ಫೈಲುಗಳ ಸಂಖ್ಯೆ ಮತ್ತು ಒಟ್ಟು ಗಾತ್ರ ತಾಳೆ ನೋಡಿ. ಮೊದಲನೆಯದು, ನಡುವಿನದು, ಕೊನೆಯದು ಮೂರು ಫೋಟೊ ಎಸ್‌ಎಸ್‌ಡಿಯಿಂದಲೇ ತೆರೆದು ಪೂರ್ತಿ ಹಿಗ್ಗಿಸಿ ನೋಡಿ; ಥಂಬ್‌ನೇಲ್ ಕಂಡಿತು ಎಂದರೆ ಫೋಟೊ ಸರಿಯಿದೆ ಎಂದು ಅರ್ಥವಲ್ಲ. ಆಮೇಲೆ ‘ಇಜೆಕ್ಟ್’ ಒತ್ತಿ ವೈರು ಕೀಳಿ.

ಮೂರನೇ ಪ್ರತಿ ಇಂಟರ್ನೆಟ್‌ನಲ್ಲಿ ಇದ್ದರೆ ಒಳ್ಳೆಯದು ನಿಜ. ಆದರೆ ಲಡಾಖ್‌ನಲ್ಲಿ ಕರ್ನಾಟಕದ ಪ್ರಿಪೇಯ್ಡ್ ಸಿಮ್ ನಡೆಯುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಹೋಟೆಲಿನ ವೈಫೈ ಸೆಕೆಂಡಿಗೆ 5 ಮೆಗಾಬಿಟ್ ಕೊಟ್ಟಿತೆಂದರೂ ಒಂದು ದಿನದ 20 ಜಿಬಿ ಏರಿಸಲು ಒಂಬತ್ತು ಗಂಟೆ ಬೇಕು. ಆ ಹಟ ಬಿಡಿ. ದಿನದ ಅತ್ಯುತ್ತಮ 30 ಜೆಪೆಗ್ ಆರಿಸಿ ಏರಿಸಿದರೆ ಎಂಟು-ಹತ್ತು ನಿಮಿಷದಲ್ಲಿ ಮುಗಿಯುತ್ತದೆ.

ಈ ಇಡೀ ಕಸರತ್ತನ್ನು ಹೊರಡುವ ವಾರದ ಮೊದಲು ಶಿವಮೊಗ್ಗದಲ್ಲೇ ಒಮ್ಮೆ ಮಾಡಿ ನೋಡಿ. ಕೆಲವು ಫೋನುಗಳು ಕಾರ್ಡು ಮತ್ತು ಡಿಸ್ಕ್ ಎರಡನ್ನೂ ಒಟ್ಟಿಗೆ ತೋರಿಸುವುದಿಲ್ಲ. ನಿಮ್ಮದೂ ಹಾಗಿದ್ದರೆ ಮೊದಲು ಫೋನಿಗೆ, ಅಲ್ಲಿಂದ ಎಸ್‌ಎಸ್‌ಡಿಗೆ ಹಾಕಬೇಕಾಗುತ್ತದೆ. ಅದಕ್ಕೆ ಫೋನಿನಲ್ಲಿ 30 ಜಿಬಿಯಾದರೂ ಖಾಲಿ ಬೇಕು.

ಪ್ರಶ್ನೆ: ಹೊಸ ಎಸ್‌ಎಸ್‌ಡಿ ಕಂಪ್ಯೂಟರಿನಲ್ಲಿ ಚೆನ್ನಾಗಿ ನಡೆಯುತ್ತದೆ. ಫೋನಿಗೆ ಹಾಕಿದರೆ ಒಮ್ಮೊಮ್ಮೆ ಕಾಣುವುದೇ ಇಲ್ಲ, ಕಂಡರೂ ‘ಸಪೋರ್ಟ್ ಇಲ್ಲ’ ಎನ್ನುತ್ತದೆ.
– ಓದುಗರು, ಹುಬ್ಬಳ್ಳಿ

ಉತ್ತರ: ‘ಸಪೋರ್ಟ್ ಇಲ್ಲ’ ಎನ್ನುವುದಕ್ಕೆ ಬಹುತೇಕ ಕಾರಣ ಎನ್‌ಟಿಎಫ್‌ಎಸ್. ಅದು ವಿಂಡೋಸ್‌ನ ಫಾರ್ಮ್ಯಾಟ್, ಹೆಚ್ಚಿನ ಆಂಡ್ರಾಯ್ಡ್ ಫೋನುಗಳಿಗೆ ಅದರ ಭಾಷೆ ಬಾರದು. ಕಂಪ್ಯೂಟರಿನಲ್ಲಿ ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ. ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತದೆ, ಬೇಕಾದ್ದನ್ನು ಮೊದಲು ಬೇರೆಡೆ ಇಟ್ಟುಕೊಳ್ಳಿ. ಫ್ಯಾಟ್32 ಆರಿಸಬೇಡಿ, 4 ಜಿಬಿಗಿಂತ ದೊಡ್ಡ ವಿಡಿಯೊ ಅದರಲ್ಲಿ ಹಿಡಿಸುವುದಿಲ್ಲ.

ಒಮ್ಮೊಮ್ಮೆ ಕಾಣದಿರುವುದು ಬೇರೆ ರೋಗ. ಒಪ್ಪೊ, ಒನ್‌ಪ್ಲಸ್‌ನಂಥ ಕೆಲವು ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗೆ, ಹೊರಗಿನ ಡಿಸ್ಕನ್ನು ಫೋನಿಗೆ ಜೋಡಿಸಲು ಬಿಡುವ ‘ಓಟಿಜಿ’ ಎಂಬ ಗುಂಡಿ ಇರುತ್ತದೆ. ಹತ್ತು ನಿಮಿಷ ಬಳಸದಿದ್ದರೆ ಅದು ತಾನಾಗಿ ಆಫ್ ಆಗುತ್ತದೆ. ಗುಂಡಿ ಆನ್ ಇದ್ದೂ ಕಾಣದಿದ್ದರೆ ವೈರು ಬದಲಿಸಿ. ಚಾರ್ಜರ್ ಜೊತೆ ಬಂದ ವೈರುಗಳಲ್ಲಿ ಕೆಲವು ಚಾರ್ಜ್ ಮಾಡುವುದಕ್ಕಷ್ಟೇ ಲಾಯಕ್ಕು, ಡಿಸ್ಕಿನ ಡಬ್ಬಿಯಲ್ಲಿ ಬಂದ ಗಿಡ್ಡ ವೈರನ್ನೇ ಬಳಸಿ. ಅದೂ ಆಗದಿದ್ದರೆ ವಿದ್ಯುತ್ತು ಸಾಲುತ್ತಿಲ್ಲ. ಐಫೋನ್ 15 ತನ್ನ ಕಿಂಡಿಯಿಂದ ಹೊರಗೆ ಕೊಡುವುದು ಹೆಚ್ಚೆಂದರೆ 4.5 ವ್ಯಾಟ್, ಅದಕ್ಕಿಂತ ಹೆಚ್ಚು ಎಳೆಯುವ ಡಿಸ್ಕ್ ಕಂಡು ಮಾಯವಾಗುತ್ತಿರುತ್ತದೆ. ಚಾರ್ಜಿಂಗ್ ಕಿಂಡಿ ಇರುವ ಹಬ್, ಅದಕ್ಕೆ ಪವರ್ ಬ್ಯಾಂಕ್: ಮೇಲಿನ ಉತ್ತರದ ಜೋಡಣೆಯೇ ಇದಕ್ಕೂ ಮದ್ದು.

ಪ್ರಶ್ನೆ: ಅಪ್ಪ-ಅಮ್ಮ ಕಾಶಿಗೆ ಹೊರಟಿದ್ದಾರೆ. ಇರುವುದು ಅಪ್ಪನ ಫೋನ್ ಒಂದೇ, ಅದೂ ಸದಾ ‘ಸ್ಟೋರೇಜ್ ಫುಲ್’. ಫೋಟೊಗಳನ್ನು ಮನೆಯವರ ವಾಟ್ಸ್ಆಪ್ ಗುಂಪಿಗೆ ಹಾಕಿ ಫೋನಿನಿಂದ ಅಳಿಸಲು ಹೇಳಲೇ?
– ಓದುಗರು, ಮಂಡ್ಯ

ಉತ್ತರ: ಬೇಡ. ವಾಟ್ಸ್ಆಪ್ ಮಾಮೂಲಿಯಾಗಿ ಕಳಿಸುವ ಫೋಟೊವನ್ನು ಕುಗ್ಗಿಸುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮೂಲದ ಗುಣಮಟ್ಟ ಉಳಿಯುತ್ತದೆ, ಆದರೆ ನಿಮ್ಮ ತಂದೆಯವರು ಗಂಗಾ ಆರತಿಯ ನೂಕುನುಗ್ಗಲಲ್ಲಿ ನಿಂತು ಅದನ್ನೆಲ್ಲ ಮಾಡಲಿ ಎನ್ನುವುದು ಅನ್ಯಾಯ.

ಹೊರಡುವ ಮುಂಚೆ ನೀವೇ ಕೂತು ಜಾಗ ಬಿಡಿಸಿಕೊಡಿ. ವಾಟ್ಸ್ಆಪ್ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಆ್ಯಂಡ್ ಡೇಟಾ’, ಅದರೊಳಗೆ ‘ಮ್ಯಾನೇಜ್ ಸ್ಟೋರೇಜ್’. ಹಲವು ಬಾರಿ ಫಾರ್ವರ್ಡ್ ಆದವು, 5 ಎಂಬಿಗಿಂತ ದೊಡ್ಡವು ಎಂದು ಅದೇ ವಿಂಗಡಿಸಿ ತೋರಿಸುತ್ತದೆ. ಗುಡ್ ಮಾರ್ನಿಂಗ್ ವಿಡಿಯೊ, ಮನೆಮದ್ದಿನ ವಿಡಿಯೊ ಅಳಿಸಿದರೇ ಎಷ್ಟೋ ಜಿಬಿ ಸಿಗುತ್ತದೆ. ಫೋಟೊ ಒಂದಕ್ಕೆ 4 ಎಂಬಿ ಲೆಕ್ಕದಲ್ಲಿ ಸಾವಿರ ಫೋಟೊಗೆ 4 ಜಿಬಿ ಸಾಕು.

ನಂತರ ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆನ್ ಮಾಡಿ. ಮಿತಿಯಿಲ್ಲದ ಉಚಿತ ಜಾಗ 2021ರ ಜೂನ್ 1ಕ್ಕೇ ಮುಗಿದಿದೆ. ಈಗಿರುವ 15 ಜಿಬಿಯಲ್ಲಿ ಜಿಮೇಲ್, ಡ್ರೈವ್‌ಗೂ ಪಾಲಿದೆ. ‘ಸ್ಟೋರೇಜ್ ಸೇವರ್’ ಆಯ್ಕೆ ಇವರಿಗೆ ಧಾರಾಳವಾಗಿ ಸಾಕು, ಅದು ಫೋಟೊಗಳನ್ನು ತುಸು ಕುಗ್ಗಿಸುತ್ತದೆ, 16 ಮೆಗಾಪಿಕ್ಸೆಲ್‌ಗಿಂತ ದೊಡ್ಡವುಗಳ ಅಳತೆಯನ್ನೂ ಇಳಿಸುತ್ತದೆ. ಒಂದು ಮಾತು ಮಾತ್ರ ತಂದೆಯವರಿಗೆ ಬಿಡಿಸಿ ಹೇಳಿ: ಆ ಆಪ್‌ನಲ್ಲಿ ಡಸ್ಟ್‌ಬಿನ್ ಒತ್ತಿದರೆ ಫೋಟೊ ಫೋನಿನಿಂದಲೂ ಗೂಗಲ್‌ನಿಂದಲೂ ಹೋಗುತ್ತದೆ. ಬ್ಯಾಕಪ್ ಆದದ್ದು 60 ದಿನ ಟ್ರ್ಯಾಶ್‌ನಲ್ಲಿರುತ್ತದೆ, ಅಷ್ಟರೊಳಗೆ ನೀವು ವಾಪಸ್ ತರಬಹುದು. ಜಾಗ ಬೇಕೆಂದಾಗ ಒತ್ತಬೇಕಾದದ್ದು ‘ಫ್ರೀ ಅಪ್ ಸ್ಪೇಸ್’. ಅದು ಬ್ಯಾಕಪ್ ಆದವನ್ನು ಫೋನಿನಿಂದ ಮಾತ್ರ ತೆಗೆಯುತ್ತದೆ.

ಪ್ರಶ್ನೆ: ಪ್ರವಾಸದ ಮಧ್ಯೆ ಕ್ಯಾಮೆರಾ ‘ಕಾರ್ಡ್ ಫಾರ್ಮ್ಯಾಟ್ ಮಾಡಿ’ ಎನ್ನುತ್ತಿದೆ. ಒಳಗೆ 400 ಫೋಟೊ ಇವೆ.
– ಓದುಗರು, ಕಾರವಾರ

ಉತ್ತರ: ಮಾಡಬೇಡಿ. ಆ ಕಾರ್ಡಿನಲ್ಲಿ ಇನ್ನೊಂದು ಫೋಟೊ ಸಹ ತೆಗೆಯಬೇಡಿ. ಹಿತ್ತಾಳೆ ಬಣ್ಣದ ತಗಡುಗಳನ್ನು ಒಣ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಬೇರೆ ಕಾರ್ಡ್ ರೀಡರ್‌ನಲ್ಲಿ ಒಮ್ಮೆ ನೋಡಿ. ಅಲ್ಲಿಯೂ ಕಾಣದಿದ್ದರೆ ಎಸ್‌ಡಿ ಕಾರ್ಡಿನ ಪಕ್ಕದ ಲಾಕ್ ಕೆಳಗೆ ಎಳೆದು, ಕವರಿಗೆ ಹಾಕಿ, ಮೇಲೆ ‘ಮುಟ್ಟಬೇಡಿ’ ಎಂದು ಬರೆದಿಡಿ. ಊರಿನಲ್ಲಿ ಕಂಪ್ಯೂಟರಿಗೆ ‘ಫೋಟೊರೆಕ್’ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಹುಡುಕಿಸಿ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಉಳಿಸಬೇಡಿ, ಬೇರೆ ಡಿಸ್ಕಿಗೆ ಹಾಕಿ. ಫೈಲ್ ಪಟ್ಟಿ ಮಾತ್ರ ಕೆಟ್ಟಿದ್ದರೆ ಫೋಟೊಗಳು ಬಹುಪಾಲು ಬರುತ್ತವೆ. ಹಳೆಯ ಫೈಲ್ ಹೆಸರುಗಳು ಬರುವುದಿಲ್ಲ, ಫೋಟೊದೊಳಗೇ ದಾಖಲಾಗಿರುವ ತೆಗೆದ ದಿನಾಂಕ ನೋಡಿ ಜೋಡಿಸಿಕೊಳ್ಳಬೇಕು. ಉದ್ದನೆಯ ವಿಡಿಯೊ ಪೂರ್ತಿ ಬರುತ್ತದೆಂಬ ನೆಚ್ಚಿಕೆ ಬೇಡ. ಅದು ಕಾರ್ಡಿನಲ್ಲಿ ತುಂಡುತುಂಡಾಗಿ ಹರಡಿರಬಹುದು, ಆ ತುಂಡುಗಳನ್ನು ಸರಿಯಾಗಿ ಹೊಂದಿಸುವುದು ಇಂಥ ತಂತ್ರಾಂಶದ ಕೈಯಲ್ಲಿ ಆಗುವ ಕೆಲಸವಲ್ಲ.