ಕಾಣದ ಹಿಮಕಾಯವನ್ನು ಅಳೆದದ್ದು ಹೇಗೆ?

ಅರೋಕೋತ್ ಎಂಬ ಪುಟ್ಟ ಹಿಮಕಾಯದ ಬಗ್ಗೆ ಬರುವ ಪತ್ರಗಳಲ್ಲಿ ಅವೇ ನಾಲ್ಕು ಪ್ರಶ್ನೆಗಳು ಮರಳಿ ಮರಳಿ ಬರುತ್ತಿರುವುದರಿಂದ, ಒಮ್ಮೆ ಉತ್ತರಿಸಿ ಮುಗಿಸುವುದೇ ಲೇಸೆಂದು ಕುಳಿತಿದ್ದೇನೆ. ಅದು ಇರುವುದು ನೆಪ್ಚೂನ್‌ನ ಆಚೆ ಹಿಮಕಾಯಗಳು ಸುತ್ತುವ ಕೈಪರ್ ಪಟ್ಟಿಯಲ್ಲಿ; ಆ ಪಟ್ಟಿಯ ಬಗ್ಗೆ ಇಲ್ಲಿ ಹೆಚ್ಚು ವಿವರಿಸುವುದಿಲ್ಲ. ಅದು ಶಾಲೆಯ ಪಾಠ.

ಪ್ರಶ್ನೆ (ಭಾಲ್ಕಿಯ ಪಿಯುಸಿ ವಿದ್ಯಾರ್ಥಿನಿ): ಅರೋಕೋತ್ ಹಬಲ್ ದೂರದರ್ಶಕಕ್ಕೂ ಬರೀ ಚುಕ್ಕೆಯಾಗಿ ಕಾಣುತ್ತಿತ್ತಂತೆ. ಹಾಗಿದ್ದರೆ ನಾಸಾದ ನ್ಯೂ ಹೊರೈಜನ್ಸ್ ನೌಕೆ ತಲುಪುವ ಮೊದಲೇ ಅದರ ಗಾತ್ರ, ಆಕಾರ ಹೇಗೆ ತಿಳಿಯಿತು, ಸರ್? ಅಂದಾಜಿನ ಮೇಲೆ ಹೇಳಿದರೇ?

ಉತ್ತರ: ಈ ಪತ್ರ ಬಾರದಿದ್ದರೆ ನಾನು ಈ ಸಲ ಬರೆಯುತ್ತಲೇ ಇರಲಿಲ್ಲ. 2014ರ ಜೂನ್‌ನಲ್ಲಿ ಹಬಲ್ ಅದನ್ನು ಪತ್ತೆ ಹಚ್ಚಿದಾಗ ದೊರೆತದ್ದು ಅದರ ಚಲನೆ ಮತ್ತು ಒಂದಿಷ್ಟು ಬೆಳಕು, ಅಷ್ಟೇ. ಬೆಳಕನ್ನು ನೋಡಿ ಗಾತ್ರ ಹೇಳಲು ಹೋದರೆ ಮೋಸ ಹೋಗುತ್ತೇವೆ. ಬೀದರ್‌ನವರಿಗೆ ಇದನ್ನು ತಿಳಿಸಲು ಒಂದು ಬಿದರಿ ಹೂಜಿ ಸಾಕು: ಮಬ್ಬುಗತ್ತಲಲ್ಲಿ ಹೂಜಿಯ ಕಪ್ಪು ಮೈ ಕಣ್ಣಿಗೆ ಬೀಳುವುದೇ ಇಲ್ಲ, ಅದರಲ್ಲಿ ಕೂರಿಸಿದ ಎಳೆಯಷ್ಟು ಬೆಳ್ಳಿ ಮಾತ್ರ ಮಿನುಗುತ್ತದೆ. ಬಿದ್ದ ಬೆಳಕಿನಲ್ಲಿ ನೂರಕ್ಕೆ 4 ಪಾಲನ್ನಷ್ಟೇ ಹಿಂದಿರುಗಿಸುವ ಕಾಯವು 64 ಪಾಲು ಹಿಂದಿರುಗಿಸುವ ಕಾಯದಷ್ಟೇ ಪ್ರಕಾಶವಾಗಿ ಕಾಣಬೇಕಾದರೆ ಅದರ ವ್ಯಾಸ ನಾಲ್ಕು ಪಟ್ಟು ಇರಬೇಕು. ಪ್ಲೂಟೊ ಭೂಮಿಯಷ್ಟು ದೊಡ್ಡದಿರಬಹುದೆಂದು ಘಟಾನುಘಟಿಗಳೇ ನಂಬಿದ್ದ ಕಾಲವಿತ್ತು. 1978ರಲ್ಲಿ ಅದರ ಉಪಗ್ರಹ ಕೇರನ್ ಸಿಕ್ಕಿ ಲೆಕ್ಕ ಹಾಕಿದಾಗ ಪ್ಲೂಟೊದ ದ್ರವ್ಯರಾಶಿ ಭೂಮಿಯ ನಾನೂರರಲ್ಲಿ ಒಂದು ಪಾಲೂ ಇರಲಿಲ್ಲ.

ಆದ್ದರಿಂದ ಅರೋಕೋತ್‌ನ ನೆರಳನ್ನು ಹಿಡಿದರು. ಅದು ಯಾವುದಾದರೂ ನಕ್ಷತ್ರದ ಮುಂದೆ ಹಾದುಹೋದಾಗ ನಕ್ಷತ್ರದ ಬೆಳಕಿನಲ್ಲಿ ಅದರ ನೆರಳು ಭೂಮಿಯ ಮೇಲೆ ಓಡುತ್ತದೆ. ನಕ್ಷತ್ರವು ಬಲು ದೂರವಿರುವುದರಿಂದ ಅದರ ಕಿರಣಗಳು ಹೆಚ್ಚುಕಡಿಮೆ ಸಮಾಂತರವಾಗಿ ಬರುತ್ತವೆ, ನೆರಳಿನ ಅಗಲ ಕಾಯದ ಅಗಲದಷ್ಟೇ ಇರುತ್ತದೆ. ಕಷ್ಟವಿರುವುದು ನೆರಳು ಬೀಳುವ ಜಾಗವನ್ನು ಮೊದಲೇ ತಿಳಿಯುವುದರಲ್ಲಿ. 2017ರ ಜೂನ್ 3ರಂದು ದಕ್ಷಿಣ ಆಫ್ರಿಕಾ ಮತ್ತು ಅರ್ಜೆಂಟೀನಾಗಳಲ್ಲಿ ಕಾದು ಕುಳಿತವರಿಗೆ ಒಂದೂ ನಕ್ಷತ್ರ ಮರೆಯಾದದ್ದು ಕಾಣಲಿಲ್ಲ. ಗಯಾ ನೌಕೆ ಅಳೆದ ನಕ್ಷತ್ರಸ್ಥಾನಗಳ ಆಧಾರದ ಮೇಲೆ ಲೆಕ್ಕವನ್ನು ತಿದ್ದಿ, ಜುಲೈ 17ರಂದು ಅರ್ಜೆಂಟೀನಾದ ಪಟಗೋನಿಯಾದಲ್ಲಿ 24 ದೂರದರ್ಶಕಗಳನ್ನು ಸಾಲಾಗಿ ಹೂಡಿದರು. ಸ್ಥಳೀಯ ಆಡಳಿತ ಬೀದಿದೀಪಗಳನ್ನು ಆರಿಸಿತು, ಹೆದ್ದಾರಿಯನ್ನೂ ಮುಚ್ಚಿತು, ಗಾಳಿಗೆ ದೂರದರ್ಶಕಗಳು ಅಲುಗದಂತೆ ಲಾರಿಗಳನ್ನು ಅಡ್ಡ ನಿಲ್ಲಿಸಲಾಯಿತು. ಐದು ದೂರದರ್ಶಕಗಳಲ್ಲಿ ನಕ್ಷತ್ರ ಆರಿ ಹೊತ್ತಿತು, ಅದೂ ಒಂದು ಸೆಕೆಂಡಿನ ಆಸುಪಾಸು ಮಾತ್ರ. ಮರೆಯಾದ ಅವಧಿಯನ್ನು ನೆರಳಿನ ವೇಗದಿಂದ ಗುಣಿಸಿದರೆ ಕಾಯಕ್ಕೆ ಅಡ್ಡಲಾಗಿ ಎಳೆದ ಒಂದು ಗೆರೆಯ ಉದ್ದ ಸಿಗುತ್ತದೆ, ಅಂಥ ಐದು ಗೆರೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ಅದು ದುಂಡಗಿಲ್ಲ, ಉದ್ದನೆಯದು ಅಥವಾ ಎರಡು ತುಂಡುಗಳದ್ದು ಎಂಬುದು ಸ್ಪಷ್ಟವಾಯಿತು. 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ಸುಮಾರು 3,500 ಕಿ.ಮೀ. ದೂರದಲ್ಲಿ ಹಾದುಹೋದಾಗ ಕಳಿಸಿದ ಚಿತ್ರಗಳಲ್ಲಿ, ಮೆತ್ತಗೆ ಅಂಟಿಕೊಂಡ ಎರಡು ಚಪ್ಪಟೆ ಹಾಲೆಗಳೇ ಇದ್ದವು; ಒಟ್ಟು ಉದ್ದ ಸುಮಾರು 36 ಕಿ.ಮೀ. ಇದನ್ನು ಅಂದಾಜು ಎಂದು ಕರೆಯಬೇಡಮ್ಮ.

ಪ್ರಶ್ನೆ (ಔರಾದ್): ಅದು ಭೂಮಿಗೆ ಬಂದು ಬಡಿಯುತ್ತದೆಯೇ?

ಉತ್ತರ: ಇಲ್ಲ, ಅದು ಸೂರ್ಯನಿಗೆ 600 ಕೋಟಿ ಕಿ.ಮೀ.ಗಿಂತ ಹತ್ತಿರ ಬರುವುದೇ ಇಲ್ಲ.

ಪ್ರಶ್ನೆ (ಹುಮನಾಬಾದ್): ಹೊಸದಾಗಿ ಸಿಕ್ಕ ಈ ಗ್ರಹದ ದೋಷಕ್ಕೆ ಶಾಂತಿ ಮಾಡಿಸಬೇಕೆಂದು ಒಬ್ಬರು ಹಣ ಕೇಳುತ್ತಿದ್ದಾರೆ. ಮಗನ ಮದುವೆ ನಿಂತಿದೆ.

ಉತ್ತರ: ಮೊದಲನೆಯದಾಗಿ ಅದು ಗ್ರಹವಲ್ಲ. ಎರಡನೆಯದಾಗಿ, ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 298 ವರ್ಷ ತೆಗೆದುಕೊಳ್ಳುವ ಕಾಯಕ್ಕೆ ಒಂದು ರಾಶಿ ದಾಟಲು ಹತ್ತಿರಹತ್ತಿರ 25 ವರ್ಷ ಬೇಕು. ಆ ದೋಷ ನಿಜವಾಗಿದ್ದರೆ ನಿಮ್ಮ ಮಗನ ಜೊತೆ ಓದಿದ ಅಷ್ಟೂ ಹುಡುಗರೂ, ಅವರಿಗೆ ಪಾಠ ಹೇಳಿದ ಕಿರಿಯ ಮೇಷ್ಟ್ರೂ ಮದುವೆಯಿಲ್ಲದೆ ಕೂರಬೇಕಾಗಿತ್ತು. ಆ ಮನುಷ್ಯನಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ನಾಚಿಕೆಪಡದೆ ವಾಪಸು ಕೇಳಿ.

ಪ್ರಶ್ನೆ (ಬಸವಕಲ್ಯಾಣ): ಯಾವ ದೂರದರ್ಶಕ ಕೊಂಡರೆ ಅರೋಕೋತ್ ಕಾಣುತ್ತದೆ?

ಉತ್ತರ: ಯಾವುದರಲ್ಲೂ ಕಾಣದು. 2.4 ಮೀಟರ್ ದರ್ಪಣದ ಹಬಲ್‌ಗೇ ಅದು ಬಹಳ ಮಸುಕು. ಡಬ್ಬಿಯ ಮೇಲೆ ಶನಿಯ ಬಣ್ಣದ ಚಿತ್ರ, ದೊಡ್ಡ ಅಕ್ಷರದಲ್ಲಿ 675 ಪಟ್ಟು ಎಂಬ ಬರಹ ಇರುವುದನ್ನು ನಾನೂ ಒಮ್ಮೆ ಕೊಂಡಿದ್ದೆ; ಉಸಿರು ಬಿಟ್ಟರೆ ನಡುಗುವ ಅದರ ಮೂರು ಕಾಲುಗಳು ಈಗ ಮಾಳಿಗೆಯ ಮೇಲೆ ಹಪ್ಪಳದ ಚಾಪೆ ಹಾರದಂತೆ ಒತ್ತಿ ಹಿಡಿಯುತ್ತಿವೆ. ಒಂದು ಸಾಧಾರಣ ಬೈನಾಕ್ಯುಲರ್ ಕೊಂಡು, ಚಂದ್ರನು ನಕ್ಷತ್ರವೊಂದನ್ನು ಮರೆಮಾಡುವ ರಾತ್ರಿ ಮಾಳಿಗೆ ಹತ್ತಿ. ಚಂದ್ರನ ಕತ್ತಲ ಅಂಚಿಗೆ ತಾಗಿದ ನಕ್ಷತ್ರ ಮಂಕಾಗುತ್ತಾ ಹೋಗುವುದಿಲ್ಲ, ಸ್ವಿಚ್ ಒತ್ತಿದಂತೆ ಥಟ್ಟನೆ ಇಲ್ಲವಾಗುತ್ತದೆ. ಆ ಕ್ಷಣವನ್ನು ಗುರುತು ಹಾಕಿಕೊಳ್ಳಲು ಗಡಿಯಾರವನ್ನು ಮೊದಲೇ ಸರಿಪಡಿಸಿಟ್ಟುಕೊಳ್ಳಿ. ನನ್ನದು ಒಮ್ಮೆ ಎರಡು ನಿಮಿಷ ಹಿಂದಿದ್ದು, ಇಡೀ ರಾತ್ರಿಯ ಟಿಪ್ಪಣಿ ಕೆಲಸಕ್ಕೆ ಬಾರದೆ ಹೋಯಿತು.